ವಿಯೆನ್ನಾದಲ್ಲಿ ಯಾರೂ ವಾಪಸ್ ಕರೆಯಲಿಲ್ಲ

ಹೋದ ಮೇ ತಿಂಗಳಲ್ಲಿ, ವಿಯೆನ್ನಾ ಎಂಬ ಊರಿನಲ್ಲಿ, ಹಾಡಹಗಲು ಹನ್ನೆರಡು ಗಂಟೆಗೆ ನಾನು ನನ್ನ ಹೆಂಡತಿಯನ್ನು ಕಳೆದುಬಿಟ್ಟೆ.

(ಗಾಬರಿ ಬೇಡ, ಸಿಕ್ಕಿದ್ದಾಳೆ. ನಾನಿದನ್ನು ಬರೆಯುತ್ತಿರುವಾಗ ಪಕ್ಕದ ರೂಮಿನಲ್ಲಿ ಕೂತು ಫೋನಿನಲ್ಲಿ ತಂಗಿಗೆ ಇದೇ ಕಥೆ ಹೇಳುತ್ತಿದ್ದಾಳೆ. ಅವಳ ಕಥೆಯಲ್ಲಿ ಕಳೆದುಹೋದವನು ನಾನು.)

ಹೇಗೆ ಕಳೆದೆ? ಚೌಕಾಸಿ ಮಾಡುತ್ತಾ ಕಳೆದೆ.

ಈ ಅಂಕಣ ಓದುವವರಿಗೆ ನನ್ನ ಚೌಕಾಸಿ ಹೊಸದೇನಲ್ಲ. ಮೈಸೂರಿನ ಲಷ್ಕರ್ ಮೊಹಲ್ಲಾದ ಫುಟ್‌ಪಾತಿನಲ್ಲಿ ಗೋಣಿತಾಟು ಹಾಸಿ ಸ್ಟೀಲ್ ಲೋಟ ಮಾರುತ್ತಾ ಶುರು ಮಾಡಿದವನು ನಾನು. ಇವತ್ತು ಅದೇ ಬೀದಿಯಲ್ಲಿ ಮೂರು ಬಾಗಿಲಿನ ಪಾತ್ರೆ ಅಂಗಡಿ ಇದೆ. ಹೇಳಿದ ರೇಟಿಗೇ ನಮ್ಮ ಮನೆಗೆ ಬಂದ ವಸ್ತು ಅಂದರೆ ಗ್ಯಾಸ್ ಸಿಲಿಂಡರ್ ಒಂದೇ.

ಆದರೆ ಚೌಕಾಸಿ ಒಬ್ಬನ ಕೆಲಸವಲ್ಲ. ಅದಕ್ಕೆ ಜೋಡಿ ಬೇಕು. ಮದುವೆಯಾದ ಮೊದಲ ವರ್ಷವೇ ಗಿರಿಜಳಿಗೆ ಟ್ರೇನಿಂಗ್ ಕೊಟ್ಟೆ. ನಾನು ಅಂಗಡಿಯವನ ಹತ್ತಿರ ಮಾತಾಡುತ್ತಿರಬೇಕು. ರೇಟು ಒಂದು ಕಡೆ ಗಟ್ಟಿಯಾಗಿ ನಿಂತುಬಿಟ್ಟಾಗ ನಾನು ಕನ್ನಡಕ ತೆಗೆದು ಒರೆಸುತ್ತೇನೆ. ಅದೇ ಸಿಗ್ನಲ್. ತಕ್ಷಣ ಅವಳು “ಬ್ಯಾಡ ಬನ್ರೀ” ಅಂತ ಮುಖ ಸಿಂಡರಿಸಿಕೊಂಡು ಹೊರಟುಬಿಡಬೇಕು. ಹೊರಟ ಮೇಲೆ ಒಂದೇ ರೂಲ್: ತಿರುಗಿ ನೋಡಬಾರದು. ತಿರುಗಿ ನೋಡಿದರೆ ಆಸೆ ಇದೆ ಅಂತ ಅರ್ಥ. ಆಸೆ ಕಂಡರೆ ರೇಟು ಇಳಿಯುತ್ತದೆಯೇ?

ದೇವರಾಜ ಮಾರ್ಕೆಟ್ಟಿನಲ್ಲಿ ಈ ಉಪಾಯ ಇಪ್ಪತ್ತಾರು ವರ್ಷ ನಡೆದಿದೆ. ಅವಳು ಹೂವಿನ ಸಾಲು ದಾಟುವುದರೊಳಗೆ “ಅಮ್ಮಾ ಬನ್ನಿ ಅಮ್ಮಾ, ಕೋಪ ಮಾಡ್ಕೋಬ್ಯಾಡಿ” ಅಂತ ಕೂಗು ಬಂದೇ ಬರುತ್ತದೆ.

ಇಂಥ ನಾವು ಯೂರೋಪಿಗೆ ಹೋದೆವು. ಗ್ರೂಪ್ ಟೂರು. ಬಸ್ಸಿನಲ್ಲಿ ಕೂತರೆ ಒಂದು ದೇಶ, ಇಳಿದರೆ ಇನ್ನೊಂದು. ವಿಯೆನ್ನಾದಲ್ಲಿ ಮಾತ್ರ ಒಂದಿಡೀ ದಿನ ಫ್ರೀ ಬಿಟ್ಟಿದ್ದರು. ಟೂರ್ ಮ್ಯಾನೇಜರ್ ಕಣ್ಣು ಮಿಟುಕಿಸಿ, “ರೊಮ್ಯಾಂಟಿಕ್ ಸಿಟಿ ಸಾರ್, ಆರಾಮಾಗಿ ಮೇಡಂ ಜೊತೆ ಓಡಾಡಿ” ಅಂದ.

ಆರಾಮಾಗಿ ಓಡಾಡುವುದಕ್ಕೆ ಪ್ಲಾನ್ ಬೇಡವೇ? ಹಿಂದಿನ ಸಂಜೆಯೇ ಕೂತು ಟೈಮ್‌ಟೇಬಲ್ ಹಾಕಿದೆ. ಒಂಬತ್ತಕ್ಕೆ ಅರಮನೆ. ಹತ್ತೂವರೆಗೆ ಮ್ಯೂಸಿಯಂ. ಹನ್ನೊಂದೂ ಮುಕ್ಕಾಲಕ್ಕೆ ಕುದುರೆಗಾಡಿಯಲ್ಲಿ ಇಪ್ಪತ್ತು ನಿಮಿಷ ರೊಮ್ಯಾನ್ಸ್. ಹನ್ನೆರಡೂ ಐದಕ್ಕೆ ಊಟ. ಹೀಗೆ ಸಂಜೆ ಏಳರವರೆಗೆ ಹದಿನಾಲ್ಕು ಐಟಂ.

ಗಿರಿಜ ಆ ಹಾಳೆ ನೋಡಿ, “ಒಂದಿನ ಸುಮ್ನೆ ಎಲ್ಲಾದ್ರೂ ಕೂತ್ಕೊಳಣ ಕಣ್ರೀ,” ಅಂದಳು.

“ಕೂತ್ಕೊಳಕ್ಕೆ ಇಷ್ಟು ದೂರ ಬರ್ಬೇಕಿತ್ತಾ? ಮನೆ ಜಗಲಿ ಇರ್ಲಿಲ್ವಾ?” ಅಂದೆ.

ಅವಳು ಮಾತಾಡಲಿಲ್ಲ. ಮಾತಾಡದಿದ್ದರೆ ಒಪ್ಪಿದಂತೆ ಎಂಬುದು ನನ್ನ ಲೆಕ್ಕ.

ಮರುದಿನ ಹನ್ನೊಂದೂ ಮುಕ್ಕಾಲಕ್ಕೆ ಸರಿಯಾಗಿ ಊರ ನಡುವಿನ ದೊಡ್ಡ ಚರ್ಚಿನ ಪಕ್ಕ ಹಾಜರಾದೆವು. ಸಾಲಾಗಿ ಕುದುರೆಗಾಡಿಗಳು. ನಮ್ಮೂರ ಟಾಂಗಾದ ಶ್ರೀಮಂತ ಅಣ್ಣತಮ್ಮಂದಿರು ಅನ್ನಿ. ಗಾಡಿಯವನು ಗುಂಡು ಹ್ಯಾಟು, ಗಿರಿಜಾ ಮೀಸೆ, ಥೇಟ್ ಮದುವಣಿಗ. ಪಕ್ಕದಲ್ಲಿ ರೇಟಿನ ಬೋರ್ಡು ತೂಗುಹಾಕಿದ್ದ. ಬೋರ್ಡು ಇರುವುದೇ ಅಲ್ಲಿಂದ ಕೆಳಗಿಳಿಯುವುದಕ್ಕೆ ಎಂದು ನಂಬಿದವನು ನಾನು. ಅರ್ಧಕ್ಕೆ ಕೇಳಿದೆ. ಅವನು ಬೆರಳಿನಿಂದ ಬೋರ್ಡು ತೋರಿಸಿದ. ಸ್ವಲ್ಪ ಏರಿಸಿದೆ. ಮತ್ತೆ ಬೋರ್ಡು ತೋರಿಸಿದ.

ಕನ್ನಡಕ ತೆಗೆದು ಒರೆಸಿದೆ.

“ಬ್ಯಾಡ ಬನ್ರೀ,” ಅಂದಳು ಗಿರಿಜ. ಹೊರಟಳು.

ನಾನು ಅವನ ಮುಖವನ್ನೇ ನೋಡುತ್ತಾ ನಿಂತೆ. ಈಗ ಕರೆಯುತ್ತಾನೆ. ಈಗ ಕರೆಯುತ್ತಾನೆ. ಅವನು ಕುದುರೆಗೆ ನೀರು ಕುಡಿಸಿದ. ಪೇಪರ್ ಬಿಡಿಸಿ ಓದಿದ. ನಾನು ಬಿಡುತ್ತೇನೆಯೇ? ಹತ್ತು ನಿಮಿಷ ಕಳೆದಿರಬೇಕು. ಯಾರೋ ಪಡ್ಡೆ ಜೋಡಿಯೊಂದು ಬಂದು, ಬೋರ್ಡನ್ನು ಕಣ್ಣೆತ್ತಿಯೂ ನೋಡದೆ ಹತ್ತಿ ಕೂತಿತು. ಗಾಡಿ ಹೊರಟೇಹೋಯಿತು.

ಹಿಂದಿರುಗಿ ನೋಡಿದೆ. ಗಿರಿಜ ಇಲ್ಲ.

ಎಲ್ಲಿಗೆ ಹೋಗುತ್ತಾಳೆ, ಇಲ್ಲೇ ಇರುತ್ತಾಳೆ ಅಂದುಕೊಂಡೆ. ಚರ್ಚಿಗೆ ಒಂದು ಸುತ್ತು ಹಾಕಿದೆ. ಎರಡು ಸುತ್ತು ಹಾಕಿದೆ. ಆ ಚೌಕದಿಂದ ಎಷ್ಟೊಂದು ಬೀದಿಗಳು ಹೊರಡುತ್ತವೆ ಅಂತ ಆಗಲೇ ನನ್ನ ಕಣ್ಣಿಗೆ ಬಿದ್ದಿದ್ದು. ಎಲ್ಲದರಲ್ಲೂ ಜನವೋ ಜನ. ಒಂದರಲ್ಲೂ ಸೀರೆ ಇಲ್ಲ.

ಆಮೇಲೆ ಹೊಟ್ಟೆ ಮುಟ್ಟಿ ನೋಡಿಕೊಂಡೆ. ಯೂರೋಪಿನಲ್ಲಿ ಜೇಬುಗಳ್ಳರ ಕಾಟ ಅಂತ ಯಾರೋ ಹೆದರಿಸಿದ್ದರಿಂದ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಸೊಂಟಕ್ಕೆ ಬಿಗಿದುಕೊಂಡಿದ್ದೆ. ಅವಳ ಪಾಸ್‌ಪೋರ್ಟ್ ನನ್ನ ಹತ್ತಿರ. ಹೋಟೆಲಿನ ಕಾರ್ಡು ನನ್ನ ಹತ್ತಿರ. ದುಡ್ಡು ನನ್ನ ಹತ್ತಿರ. ಅವಳ ಫೋನೂ ನನ್ನ ಹತ್ತಿರ. ಗಿರಿಜಳಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆ ನುಂಗಿದರೆ ಹನ್ನೆರಡಕ್ಕೆ ಹೊಟ್ಟೆಗೆ ಏನಾದರೂ ಬೀಳಲೇಬೇಕು, ಇಲ್ಲದಿದ್ದರೆ ಕೈ ನಡುಗಿ ಕಣ್ಣು ಕತ್ತಲೆ ಬರುತ್ತದೆ. ಅದಕ್ಕೆಂದೇ ತಂದಿದ್ದ ಚಕ್ಕುಲಿ ಪೊಟ್ಟಣವೂ ನನ್ನ ಹತ್ತಿರ. ಅವಳ ಹತ್ತಿರ ಇದ್ದಿದ್ದು ಬರೀ ಕನ್ನಡ.

ಓಡಿದೆ. ಐವತ್ತಮೂರು ವರ್ಷದವನು, ಕುಲುಕುವ ಚೀಲ ಹಿಡಿದುಕೊಂಡು, “ಗಿರಿಜಾ, ಗಿರಿಜಾ” ಅಂತ ಕೂಗುತ್ತಾ ಓಡಿದೆ. ಒಬ್ಬಳು ಪೊಲೀಸ್ ಹೆಣ್ಣುಮಗಳು ತಡೆದು ನಿಲ್ಲಿಸಿದಳು. ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ: ನೀಲಿ ರೇಷ್ಮೆ ಸೀರೆ, ಮೇಲೆ ಸ್ವೆಟರ್, ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಶುಗರ್ ಪೇಷಂಟು. ಅವಳು ಎಲ್ಲ ಬರೆದುಕೊಂಡು, ಸಮಾಧಾನವಾಗಿ ಒಂದೇ ಪ್ರಶ್ನೆ ಕೇಳಿದಳು. ಯಾವ ಕಡೆ ಹೋದರು?



ಇಪ್ಪತ್ತಾರು ವರ್ಷದಲ್ಲಿ ನೂರಾರು ಸಲ ಅವಳನ್ನು ಹಾಗೆ ಕಳಿಸಿದ್ದೇನೆ. ಅವಳು ನಡೆದು ಹೋಗುವುದನ್ನು ಒಂದು ಸಲವೂ ನೋಡಿಲ್ಲ. ಆ ಹೊತ್ತಿನಲ್ಲಿ ನನ್ನ ಕಣ್ಣು ಯಾವಾಗಲೂ ಅಂಗಡಿಯವನ ಮುಖದ ಮೇಲೆ.

ಪೊಲೀಸಮ್ಮ ವೈರ್‌ಲೆಸ್ಸಿನಲ್ಲಿ ಏನೋ ಮಾತಾಡುತ್ತಿದ್ದಳು. ನಾನು ಮನಸ್ಸಿನಲ್ಲೇ ನಂಜುಂಡೇಶ್ವರನಿಗೆ ಹರಕೆ ಹೊತ್ತೆ. (ದೇವರ ಹತ್ತಿರವೂ ಮೊದಲು ಅರ್ಧಕ್ಕೆ ಕೇಳುವವನು ನಾನು. ಅವತ್ತು ಪೂರ್ತಿ ಒಪ್ಪಿಕೊಂಡೆ.) ಅಷ್ಟರಲ್ಲಿ ಅದೇ ಗುಂಡು ಹ್ಯಾಟಿನವನು ಆ ಜೋಡಿಯನ್ನು ಇಳಿಸಲು ವಾಪಸ್ ಬಂದ. ನನ್ನ ಮುಖ ನೋಡಿದ, ಪೊಲೀಸಮ್ಮನ ಮಾತು ಕೇಳಿಸಿಕೊಂಡ. ಆಮೇಲೆ ತನ್ನ ಭುಜದಿಂದ ಸೊಂಟದವರೆಗೆ ಕೈಯಲ್ಲೇ ಸೆರಗು ಎಳೆದು ತೋರಿಸಿ, “ಬ್ಲೂ?” ಅಂದ. ಗಾಡಿ ಹತ್ತು ಅಂತ ಸನ್ನೆ ಮಾಡಿದ.

ಹತ್ತಿದೆ. ಆ ರೊಮ್ಯಾಂಟಿಕ್ ಗಾಡಿಯಲ್ಲಿ, ಇಬ್ಬರು ಕೂರುವ ಸೀಟಿನಲ್ಲಿ, ಒಬ್ಬನೇ ಕೂತು ಹೋದೆ.

ಬೀದಿ ಮುಗಿದು, ಅರಮನೆ ದಾಟಿ, ಗುಲಾಬಿ ಗಿಡಗಳ ಒಂದು ಪಾರ್ಕು. ಮೊದಲು ಕಂಡಿದ್ದು ಬೆಂಚಿನ ಕೆಳಗೆ ಬಿಚ್ಚಿಟ್ಟ ಬಿಳಿ ಶೂ. ಆಮೇಲೆ ನೀಲಿ ಸೀರೆ. ಪಕ್ಕದಲ್ಲಿ ಊರುಗೋಲಿನ ಬಿಳಿ ಅಜ್ಜಿ. ಇಬ್ಬರ ಮಧ್ಯೆ ಕಾಗದದ ಮೇಲೆ ಸೇಬಿನ ಕೇಕು, ಅರ್ಧ ಮುಗಿದಿತ್ತು. ಅಜ್ಜಿ ತನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು. ಗಿರಿಜ ಕನ್ನಡದಲ್ಲಿ “ಹೂಂ, ಅದೇ ಮತ್ತೆ” ಅನ್ನುತ್ತಿದ್ದಳು.

ಗಾಡಿಯವನಿಗೆ ಬೋರ್ಡಿನ ರೇಟು ಕೊಟ್ಟೆ. ಒಂದು ಕಾಸು ಬಿಡಲಿಲ್ಲ ಅವನು. ನಾನೂ ಕೇಳಲಿಲ್ಲ.

ಗಿರಿಜ ನನ್ನ ನೋಡಿದವಳೇ, “ಎಷ್ಟಕ್ಕಿಳ್ದ?” ಅಂದಳು.

“ಇಳೀಲಿಲ್ಲ.”

“ಮತ್ಯಾಕೆ ಅಳ್ತಿದ್ದೀರ?”

“ಅಳ್ತಿಲ್ಲ. ಗಾಳಿ. ಅಲ್ಲಾ ಕಣೇ, ಒಂದ್ಸಲ ತಿರುಗಿ ನೋಡಕ್ಕಾಗ್ಲಿಲ್ವಾ ನಿಂಗೆ?”

“ನೀವೇ ಹೇಳ್ಕೊಟ್ಟಿದ್ದಲ್ವಾ ನೋಡ್ಬಾರ್ದು ಅಂತ? ಕರೀತಾರೆ ಕರೀತಾರೆ ಅಂತ ನಡೀತಾನೇ ಇದ್ದೆ. ಯಾರೂ ಕರೀಲಿಲ್ಲ. ತಿರುಗಿದ್ರೆ ಬಂದ ದಾರೀನೇ ಗೊತ್ತಾಗ್ಲಿಲ್ಲ. ಕೈ ಬೇರೆ ನಡುಗ್ತಿತ್ತು, ಇಲ್ಲಿ ಕೂತ್ಬುಟ್ಟೆ. ಈವಮ್ಮ ನೋಡಿ ಕೇಕು ಕೊಟ್ರು.”

“ಹೆದ್ರಿಕೆ ಆಗ್ಲಿಲ್ವಾ?”

“ಆಯ್ತು. ತಿಂದ್ಮೇಲೆ ಹೋಯ್ತು. ಆಮೇಲೆ ಚೆನ್ನಾಗಿತ್ತು ಬುಡಿ.”

ಅವಳ ಪಕ್ಕ ಕೂತೆ. ಅಜ್ಜಿ ನನಗೂ ಒಂದು ತುಂಡು ಕೊಟ್ಟು, ಚಕ್ಕುಲಿ ಇಸಿದುಕೊಂಡು, ಕಟುಂ ಅಂತ ಕಡಿದು, ನಕ್ಕು ಹೊರಟುಹೋದಳು. ನಾವು ಅಲ್ಲೇ ಉಳಿದೆವು. ಎರಡು ಗಂಟೆಯಾಯಿತು. ನಾಲ್ಕಾಯಿತು. ಹದಿನಾಲ್ಕರಲ್ಲಿ ಉಳಿದ ಐಟಂಗಳು ನಾವಿಲ್ಲದೆಯೇ ಆ ಊರಿನಲ್ಲಿ ಸುಖವಾಗಿದ್ದವು. ಮನೆ ಬಿಟ್ಟ ಮೇಲೆ ಮೊದಲ ಸಲ ನಾನು ಗಡಿಯಾರ ನೋಡಲಿಲ್ಲ; ಅವಳು ಪಕ್ಕದಲ್ಲಿದ್ದಾಳೆಯೇ ಎಂದು ಮಾತ್ರ ಆಗಾಗ ನೋಡಿದೆ.

ಸಂಜೆ ಬಿಸಿಲಿನಲ್ಲಿ ಗಿರಿಜ ಇದ್ದಕ್ಕಿದ್ದಂತೆ ಹೇಳಿದಳು: “ಬ್ಯಾಡ ಬನ್ರೀ ಅಂತ ಹೊರಡ್ತೀನಲ್ಲಾ, ಎಷ್ಟೋ ಸಲ ಬೇಕಾಗೇ ಇರ್ತಿತ್ತು ಕಣ್ರೀ.”

“ನಮ್ಮನ್ನ ಕರೀದೆ ಇದ್ದ ಅಂಗಡಿಯವನು ಮೈಸೂರಲ್ಲಿ ಒಬ್ಬನೂ ಇಲ್ವಲ್ಲೇ?”

“ಇಬ್ರು. ಒಂದ್ಸಲ ನವಿಲು ಬಣ್ಣದ ಸೀರೆ. ಒಂದ್ಸಲ ವೀಣೆ. ನೀವು ‘ಹೋಗ್ಲಿ ಬಿಡು, ಸೋತವನು ಅವನೇ’ ಅಂದ್ರಿ.”

ನನಗೆ ನೆನಪಿರಲಿಲ್ಲ. ವ್ಯಾಪಾರದಲ್ಲಿ ಸೋತಿದ್ದನ್ನು ನೆನಪಿಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಅವಳಿಗಿದೆ.

ಆದರೂ ನಿಜ ಹೇಳುತ್ತೇನೆ, ಅಷ್ಟು ಹಗುರವಾದ ಸಂಜೆ ನನ್ನ ಆಯುಷ್ಯದಲ್ಲಿ ಇನ್ನೊಂದಿಲ್ಲ. ಕಳೆದದ್ದು ಸಿಕ್ಕರೆ ಬೈಸಿಕೊಂಡರೂ ಹಿತವೇ.

ನಾವು ಹೋಗಿ ಬಂದ ಸುದ್ದಿ ಹರಡಿ, ಈಗ ಊರಿನವರೆಲ್ಲ ನನ್ನನ್ನು ಯೂರೋಪ್ ಎಕ್ಸ್‌ಪರ್ಟ್ ಮಾಡಿದ್ದಾರೆ. ಮೊನ್ನೆ ಭಾನುವಾರ ಯಾದವಗಿರಿಯ ಗೆಳೆಯನ ಅಳಿಯ, ಮಗಳು ಬಂದಿದ್ದರು. ಹೊಸ ಜೋಡಿ. ವಿಯೆನ್ನಾದಲ್ಲಿ ಒಂದು ದಿನ ಸಿಗುತ್ತದಂತೆ. ಹುಡುಗ ಕಂಪ್ಯೂಟರಿನಲ್ಲಿ ಪ್ರಿಂಟ್ ತೆಗೆದ ಪಟ್ಟಿ ಮೇಜಿನ ಮೇಲಿಟ್ಟ. ನನ್ನದು ಹದಿನಾಲ್ಕಿತ್ತು. ಅವನದು ಹತ್ತೊಂಬತ್ತು.

ಕೇಳಿದರೆ ಸಲಹೆ ಕೊಡದೆ ಇರುವವನೇ ನಾನು? ಕೊಟ್ಟೆ. “ಅವರವರ ಪಾಸ್‌ಪೋರ್ಟು ಅವರವರ ಹತ್ತಿರ ಇರ್ಲಿ. ಹೋಟೆಲ್ ಕಾರ್ಡು ಇಬ್ಬರ ಹತ್ತಿರಾನೂ ಇರ್ಲಿ. ತಿಂಡಿ ಅವಳ ಬ್ಯಾಗಲ್ಲಿರ್ಲಿ. ಬೋರ್ಡಲ್ಲಿರೋ ರೇಟು ಕೊಟ್ಬಿಡು. ಇನ್ನು ಈ ಪಟ್ಟೀಲಿ ಹದಿನೆಂಟು ಹೊಡೆದ್ಹಾಕಿ ಒಂದು ಬೆಂಚ್ ಹುಡುಕ್ಕೊಳ್ರಪ್ಪ.”

“ಅಯ್ಯೋ, ಅಷ್ಟು ದೂರ ಹೋಗಿ ಬೆಂಚ್ ಮೇಲೆ ಕೂರೋದಾ ಅಂಕಲ್?” ಹುಡುಗ ನಕ್ಕ. “ಇವಳಿಗೂ ಎಲ್ಲಾ ನೋಡ್ಬೇಕು ಅಂತಾನೇ ಇದೆ.”

ಹುಡುಗಿ ಕಾಫಿ ಲೋಟದಿಂದ ತಲೆ ಎತ್ತಿದಳು. “ಹೌದೇನಮ್ಮಾ?” ಅಂದೆ.

“ಹೌದು ಅಂಕಲ್,” ಅಂದ ಅವನು.

ನಾನು ಕೇಳಿದ್ದು ನಿನ್ನನ್ನಲ್ಲಪ್ಪ.