ಕಿಟಕಿಯ ಹೊರಗಿನ ಬತಾಸಿ

ಆ ಧಾರಾವಾಹಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಇನ್ನೂ ನಾಲ್ಕು ಜನ ಹುಡುಕಿ ನೋಡಿಯಾರು; ಅದರಲ್ಲಿ ನನ್ನ ಪಾಲು ಬೇಡ. ಎಂಬತ್ತರ ದಶಕದ ಕೊನೆಯಲ್ಲಿ ಭಾನುವಾರಗಳಂದು ಟೀವಿಯಲ್ಲಿ ಬರುತ್ತಿದ್ದ ಒಂದು ಹಿಂದಿ ಹಾಸ್ಯ ಧಾರಾವಾಹಿ ಎಂದಷ್ಟೇ ತಿಳಿದರೆ ಸಾಕು. ಈಗ ಯಾರೋ ಅದರ ಎಲ್ಲ ಕಂತುಗಳನ್ನೂ ಯೂಟ್ಯೂಬಿಗೆ ಹಾಕಿದ್ದಾರೆ. ಕೆಳಗೆ ಜನ ಬರೆದದ್ದನ್ನೂ ಓದಿದೆ. ‘ಆಹಾ, ಎಂಥ ಸ್ವಚ್ಛ ಹಾಸ್ಯ’, ‘ಇಡೀ ಮನೆಮಂದಿ ಕೂತು ನೋಡುವಂಥದ್ದು’. ಯಾರ ಮನೆಮಂದಿ, ಎಲ್ಲಿ ಕೂತು ಎಂದು ಕೇಳುವ ಹಕ್ಕು ಯಶೋಧಾಳಿಗಿದೆ. ಆಕೆ ಕೇಳುವವಳಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ಯಶೋಧಾ ರಾಯಚೂರಿನಲ್ಲಿ ನಮ್ಮ ಓಣಿಯ ಕೊನೆಯ ಮನೆಯವಳು. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೂ ನಮ್ಮಂಥ ಮನೆಗಳಿಗೂ ಕೊಡುತ್ತಾಳೆ. ಗಂಡ ಅಂಜಿನೇಯ ಸಾಮಾನು ಸಾಗಿಸುವ ಆಟೋ ಓಡಿಸುತ್ತಾನೆ. ಒಬ್ಬಳೇ ಮಗಳು ರಾಧಾ, ಹತ್ತನೆಯ ತರಗತಿ. ಯಶೋಧಾ ಹುಟ್ಟಿದ್ದು ದೇವದುರ್ಗದ ಕಡೆಯ ಅರಕೇರಾದಲ್ಲಿ. ನಾನು ದೇವದುರ್ಗ ತಾಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನಾದ್ದರಿಂದ ಮೊದಲ ದಿನವೇ ಮಾತಿಗೆ ದಾರಿಯಾಯಿತು. ತಂದೆ ತೀರಿಕೊಂಡ ಮೇಲೆ ಆಕೆಯ ತಾಯಿ ಅಮರಮ್ಮ ಮಗಳನ್ನು ಕರೆದುಕೊಂಡು ಮಾನ್ವಿಗೆ ಬಂದು, ಅಲ್ಲಿನ ಒಬ್ಬ ಅಕ್ಕಿ ಗಿರಣಿ ಮಾಲೀಕರ ಮನೆಯಲ್ಲಿ ಪಾತ್ರೆ ಭಾಂಡೆ ತಿಕ್ಕುವ ಕೆಲಸಕ್ಕೆ ನಿಂತಿದ್ದಳು.

ರೊಟ್ಟಿ ತರಲು ಆರಂಭಿಸಿದ ವರ್ಷ, ಹಬ್ಬದ ಮರುದಿನ, ನನ್ನ ಹೆಂಡತಿ ಹಂಪಮ್ಮ ಉಳಿದ ಹೋಳಿಗೆಯನ್ನು ಡಬ್ಬಿಗೆ ಹಾಕಿ ಯಶೋಧಾಳ ಮುಂದೆ ಹಿಡಿದಳು. ಯಶೋಧಾ ಕೈ ಚಾಚಲಿಲ್ಲ.

‘ನಿಮ್ಮ ಕೂಡ ಕುಂತು ತಿನ್ನೂದಾದ್ರ ಈಗ ಕುಂಡ್ರತೀನ್ರೀ ಅವ್ವಾರ. ಉಳಿದದ್ದು ಕಟ್ಟಿ ಕೊಡೂದಾದ್ರ ಬ್ಯಾಡ್ರಿ.’

ಹಂಪಮ್ಮ ಬೆಪ್ಪಾದಳು. ‘ಯಾರ ಕಲಿಸ್ಯಾರ ಬೇ ನಿನಗ ಇಷ್ಟು ಮಾತು?’

‘ಬತಾಸಿ ಕಲಿಸ್ಯಾಳ್ರೀ,’ ಎಂದು ಯಶೋಧಾ ನಕ್ಕಳು.

ಬತಾಸಿ ಯಾರೆಂದು ನಮಗೆ ತಿಳಿದದ್ದು ಹಾಗೆ. ಆ ಧಾರಾವಾಹಿಯ ಶ್ರೀಮಂತ ಮನೆಯ ಕೆಲಸದ ಹುಡುಗಿ ಆಕೆ. ಒಡತಿ ಎಂಜಲು ತಟ್ಟೆಯನ್ನು ಮುಂದೆ ತಳ್ಳಿದಾಗ ‘ದುಡಿಯಾಕ ಬಂದೀನಿ, ಎಂಜಲಾ ತಿನ್ನಾಕ ಬಂದಿಲ್ಲ’ ಎಂದು ಹೇಳಿದವಳು. ಆ ಒಂದು ಮಾತನ್ನು ಹಿಡಿದುಕೊಂಡು ಯಶೋಧಾ ಬದುಕಿದ್ದಾಳೆ. ಯಾರ ಮನೆಯಲ್ಲಿ ದುಡಿದರೂ ಕೂಲಿ ಕೇಳಿ ಪಡೆದಳೇ ಹೊರತು ತಂಗಳು ಮುಟ್ಟಲಿಲ್ಲ.

ಆಕೆ ಧಾರಾವಾಹಿಯನ್ನು ನೋಡಿದ ಬಗೆಯನ್ನೂ ಇಲ್ಲಿ ದಾಖಲಿಸಬೇಕು. ಗಿರಣಿ ಮಾಲೀಕರ ಮನೆಯಲ್ಲಿ ಒಂದು ಪದ್ಧತಿಯಿತ್ತು. ಆಳುಗಳ ಮಕ್ಕಳು ಭಾನುವಾರ ಪಡಸಾಲೆಯ ಕಿಟಕಿಯ ಹೊರಗೆ ನಿಂತು ಟೀವಿ ನೋಡಬಹುದಿತ್ತು. ನಿಲ್ಲುವುದು ಅಂಗಳದ ಕೆಸರಿನಲ್ಲೇ ಆದರೂ ಚಪ್ಪಲಿ ಬಿಟ್ಟೇ ನಿಲ್ಲಬೇಕು. ಕಿಟಕಿಯ ಕಟ್ಟೆಯ ಮೇಲೆ ಕೈ ಇಡುವಂತಿಲ್ಲ. ಟೀವಿ ಬಣ್ಣದ್ದಾಗಿತ್ತು ಎಂದು ಯಶೋಧಾ ಈಗಲೂ ಹೇಳುತ್ತಾಳೆ. ಅದು ತಪ್ಪು. ಟೀವಿ ಕಪ್ಪು ಬಿಳುಪಿನದು. ಗಾಜಿನ ಮುಂದೆ ಬಣ್ಣದ ಪ್ಲಾಸ್ಟಿಕ್ ಹಾಳೆಯನ್ನು ತೂಗುಹಾಕಿದ್ದರೆಂದು ಆಕೆಯೇ ಹೇಳಿದ್ದಾಳೆ.

ಹೊರಗೆ ನಿಂತ ಮಕ್ಕಳಲ್ಲಿ ಹಿಂದಿ ತಿಳಿಯುತ್ತಿದ್ದುದು ಒಬ್ಬಳಿಗೆ ಮಾತ್ರ. ಗಿರಣಿಯ ಲಾರಿ ಓಡಿಸುತ್ತಿದ್ದ ಗುಲಾಮ್ ರಸೂಲ್ ಅವರ ಮಗಳು ಗುಲ್ಫಶಾ. ಮನೆಯಲ್ಲಿ ದಖನಿ ಉರ್ದು ಮಾತು. ಆದ್ದರಿಂದ ಟೀವಿಯವರು ಆಡಿದ್ದು ಆಕೆಗೆ ಅರ್ಥವಾಗುತ್ತಿತ್ತು. ಆಕೆ ಪ್ರತಿಯೊಂದು ಮಾತನ್ನೂ ಕೆಳದನಿಯಲ್ಲಿ ಕನ್ನಡಕ್ಕೆ ತಿರುಗಿಸಿ ಉಳಿದವರಿಗೆ ಹೇಳುತ್ತಿದ್ದಳು. ಅದಕ್ಕೆ ಪ್ರತಿಯಾಗಿ ಕಿಟಕಿಯ ನಟ್ಟನಡುವಿನ ಜಾಗ ಆಕೆಯದು.

‘ನಮ್ಮವ್ವಗೂ ಆ ಮನಿಯಾಗ ಬತಾಸಿ, ಬತಾಸಿ ಅಂತ ಕರೀತಿದ್ರು ನೋಡ್ರೀ ಸಾಹೇಬ್ರ,’ ಎಂದು ಯಶೋಧಾ ಹೇಳುವಾಗ ಆಕೆಯ ಮುಖದಲ್ಲಿ ಇರುತ್ತಿದ್ದ ಹಮ್ಮನ್ನು ನಾನು ಅನೇಕ ಸಲ ಕಂಡಿದ್ದೇನೆ.

ಈ ವರ್ಷ ರಾಧಾಳ ಸಹಪಾಠಿ ಕಾವ್ಯಾಳ ಹುಟ್ಟುಹಬ್ಬವಾಯಿತು. ಮರುದಿನ ಕಾವ್ಯಾಳ ತಾಯಿ ಉಳಿದ ಪಲಾವನ್ನೂ ಅರ್ಧ ಕೇಕನ್ನೂ ಡಬ್ಬಿಯಲ್ಲಿ ಕಳಿಸಿದರು. ಯಶೋಧಾ ಮಗಳನ್ನು ಜೊತೆಗೆ ಕರೆದೊಯ್ದು, ಅವರ ಬಾಗಿಲಲ್ಲೇ ನಿಂತು ಡಬ್ಬಿಯನ್ನು ಹಿಂದಿರುಗಿಸಿದಳು. ಅದರಿಂದ ಹುಟ್ಟಿದ ತಾಯಿ ಮಗಳ ಜಗಳ ನಮ್ಮ ಮನೆಯ ಕಟ್ಟೆಗೆ ಬಂದು ಮುಟ್ಟಿತು.

‘ಟೀವಿಯಾಗ ಯಾರೋ ಅಂದ್ಲಂತ ನಾ ಕ್ಲಾಸಿನಾಗ ಮುಖ ಎತ್ತಬಾರದಾ? ಕಾವ್ಯಾ ನನ್ನ ಕೂಡ ಮಾತ ಬಿಟ್ಟಾಳ,’ ಎಂದು ರಾಧಾ ಅಳುತ್ತಿದ್ದಳು.

‘ಬಿಟ್ರ ಬಿಡಲಿ. ಬಾಜೂಕ ಕುಂಡ್ರಿಸಿಕೊಂಡು ಉಣ್ಣಾಕ ಹಾಕಿದ್ರು, ಉಂಡು ಬಂದಿ. ನಾ ಏನಾರ ಅಂದ್ನಾ? ಉಳಿದದ್ದು ಯಾಕ ಕಳಿಸಬೇಕು?’

‘ಎಲ್ಲಾರಿಗೂ ಕಳಿಸಿರತಾರ ಬೇ!’

‘ಕೇಳೀಯೇನು? ಎಲ್ಲಾರಿಗೂ ಕಳಿಸ್ಯಾರೇನು?’

ರಾಧಾ ಮೂಗು ಒರೆಸಿಕೊಂಡು ಬೇರೆ ಮಾತು ಹಿಡಿದಳು. ‘ಆ ಬತಾಸಿ ಅದಾಳೋ ಇಲ್ಲೋ ಯಾರಿಗೆ ಗೊತ್ತು? ನಂಗ ತೋರ್ಸು. ಅಕಿ ಖರೇನ ಹಂಗ ಅಂದಿದ್ರ ನಾನೂ ಹಂಗ ಇರ್ತೀನಿ. ಇಲ್ಲಂದ್ರ ಇನ್ಮ್ಯಾಲೆ ನಂಗ ಬುದ್ಧಿ ಹೇಳಾಕ ಬರಬ್ಯಾಡ.’

‘ಆತು, ನೋಡೇ ಬಿಡು,’ ಎಂದಳು ತಾಯಿ. ಗೆದ್ದೇ ಬಿಟ್ಟೆನೆಂಬ ಧೈರ್ಯ ಆ ಮಾತಿನಲ್ಲಿತ್ತು.

ಫೋನಿನಲ್ಲಿ ಹುಡುಕಿ ತೆಗೆದವಳು ರಾಧಾಳೇ. ಅವರ ಫೋನಿನ ಗಾಜು ಒಡೆದಿತ್ತು; ನಮ್ಮ ಮನೆಯ ಟೀವಿ ದೊಡ್ಡದು. ಮುಂದಿನ ಭಾನುವಾರ ಮಧ್ಯಾಹ್ನ ಇಬ್ಬರೂ ಬಂದರು. ಯಶೋಧಾ ಹಬ್ಬದ ಸೀರೆ ಉಟ್ಟಿದ್ದಳು. ತಾನೇ ಕುರ್ಚಿಯೊಂದನ್ನು ಎಳೆದು ಟೀವಿಗೆ ಎದುರಾಗಿ ಹಾಕಿಕೊಂಡಳು.

‘ನಟ್ಟನಡುವ ಕುಂಡ್ರತೀನ್ರೀ ಸಾಹೇಬ್ರ. ಆಗ ನಂಗ ಬಾಜೂಕಿಂದ ಅರ್ಧಾನ ಕಾಣತಿತ್ತು.’

ಆರಂಭದ ಸಂಗೀತ ಬಂದಾಗ ಆಕೆ ತೊಡೆಯ ಮೇಲೆ ತಾಳ ಹಾಕಿದಳು. ಬತಾಸಿ ಬಂದಳು: ಎರಡು ಜಡೆ, ಗಿಡ್ಡ ಲಂಗ, ಮುಖಕ್ಕೆ ಬೇಕೆಂದೇ ಮಸಿ ಬಳಿದಿದ್ದರು. ಒಡತಿ ಊಟ ಮುಗಿಸಿ ತಟ್ಟೆ ತಳ್ಳಿದಳು. ಯಶೋಧಾ ಮಗಳ ಮೊಣಕೈ ಹಿಡಿದಳು.

‘ಈಗ ನೋಡು. ಈಗ ಹೇಳತಾಳ.’

ಎಂಟು ವರ್ಷದ ಯಶೋಧಾಳಿಗೆ ಹಿಂದಿ ಬರುತ್ತಿರಲಿಲ್ಲ. ಇಷ್ಟು ಕಾಲ ರಾಯಚೂರಿನ ಬಜಾರದಲ್ಲಿ ವ್ಯವಹರಿಸಿದ ಯಶೋಧಾಳಿಗೆ ಬರುತ್ತದೆ. ರಾಧಾಳಿಗೆ ಶಾಲೆಯಲ್ಲಿ ಕಲಿಸಿದ್ದಾರೆ. ನನಗೂ ತಿಳಿಯುತ್ತದೆ. ಆದ್ದರಿಂದ ಬತಾಸಿ ಹೇಳಿದ್ದನ್ನು ನಾವು ಮೂವರೂ ಸ್ಪಷ್ಟವಾಗಿ ಕೇಳಿದೆವು. ಆಕೆ ಕೈಮುಗಿದು, ‘ಒಡತೀ, ನಿಮ್ಮ ಎಂಜಲೇ ನನಗೆ ಪ್ರಸಾದ. ನಾಯಿಗೆ ಹಾಕಿದರೆ ನನಗೆ ಹೊಟ್ಟೆಕಿಚ್ಚು’ ಎಂದಳು. ಎಂದು, ನೆಲಕ್ಕೆ ಕೈಯೂರಿ ನಾಯಿಯಂತೆ ಬೊಗಳಿ ತೋರಿಸಿದಳು. ಟೀವಿಯೊಳಗೆ, ಮೊದಲೇ ಮುದ್ರಿಸಿಟ್ಟ ನಗು ಗೊಳ್ಳೆಂದಿತು.

ನಾನು ಎದ್ದು ಹೋಗಿ ಬಚ್ಚಲಲ್ಲಿ ಉಗುಳಿ ಬಂದೆ. ಇದು ಅಲಂಕಾರಕ್ಕೆ ಬರೆದ ಮಾತಲ್ಲ. ಬಂದಾಗ ಹಂಪಮ್ಮ, ‘ಏನಂದ್ಲು ಅಕಿ? ಯಾಕ ಎಲ್ಲಾರೂ ಸುಮ್ಮಾದ್ರಿ?’ ಎಂದು ಕೇಳುತ್ತಿದ್ದಳು.

‘ಇದು ಬ್ಯಾರೆದಿರಬೇಕು. ಮುಂದಿಂದು ಹಾಕು,’ ಎಂದಳು ಯಶೋಧಾ.

ಮುಂದಿನದರಲ್ಲಿ ಮನೆಯ ಮಕ್ಕಳು ಬತಾಸಿಯ ರೊಟ್ಟಿಯನ್ನು ಪಾಯಖಾನೆಯಲ್ಲಿ ಬಚ್ಚಿಟ್ಟರು. ಆಕೆ ಅದನ್ನು ಹುಡುಕಿ ತೆಗೆದು ಕಣ್ಣಿಗೊತ್ತಿಕೊಂಡು ತಿಂದಳು. ಮತ್ತೆ ಅದೇ ನಗು. ಅದರ ಮುಂದಿನದರಲ್ಲಿ ಒಡತಿ ಚಪ್ಪಲಿಯಿಂದ ಹೊಡೆದಾಗ ಬತಾಸಿ ಆ ಚಪ್ಪಲಿಯನ್ನೇ ಎದೆಗೆ ಅವುಚಿಕೊಂಡಳು. ಇಂಥದ್ದನ್ನು ಬರೆದವರು, ಆಡಿದವರು, ಒಪ್ಪಿ ಕಳಿಸಿದವರು ಎಲ್ಲರೂ ಓದುಬರಹ ಬಲ್ಲವರು. ಒಬ್ಬನಿಗಾದರೂ ನಾಚಿಕೆಯಾದ ಗುರುತು ಅದರಲ್ಲಿಲ್ಲ.

‘ಸಾಕು, ಬಂದ್ ಮಾಡು,’ ಎಂದು ಯಶೋಧಾ ಎದ್ದಳು. ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಇಟ್ಟಳು. ಜಗಳ ಗೆದ್ದ ಮಗಳು ಆಕೆಯ ಹಿಂದೆಯೇ ಹೋದಳು.

ಎರಡು ದಿನ ಕಳೆದು ರೊಟ್ಟಿ ತಂದ ಯಶೋಧಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಹಂಪಮ್ಮನನ್ನು ಕೇಳಿದಳು: ‘ನಿನ್ನಿದೇನಾರ ಉಳಿದಿದ್ರ ಕೊಡ್ರೀ ಅವ್ವಾರ, ಒಯ್ತೀನಿ.’

ಹಂಪಮ್ಮ ಯೋಚಿಸದೆ ಹಿಂದಿನ ದಿನದ ಹುಗ್ಗಿಯನ್ನು ಹಾಕಿ ಕೊಟ್ಟಳು. ಕೊಟ್ಟ ಮೇಲೆ ಕೈ ತೊಳೆದು, ಸುಮ್ಮನೆ ಮತ್ತೊಮ್ಮೆ ತೊಳೆದಳು. ನನಗಂತೂ ಆ ಧಾರಾವಾಹಿಯ ಯಾವ ದೃಶ್ಯಕ್ಕಿಂತಲೂ ಇದು ಹೆಚ್ಚು ಅಸಹ್ಯವೆನಿಸಿತು. ನಮ್ಮ ಡಬ್ಬಿ, ನಮ್ಮ ಹುಗ್ಗಿ, ನಮ್ಮ ಬಾಗಿಲು.

ಸಂಜೆ ಶಾಲೆಯ ಬಟ್ಟೆಯಲ್ಲೇ ರಾಧಾ ಬಂದಳು. ಡಬ್ಬಿ ಹಾಗೆಯೇ ತುಂಬಿತ್ತು.

‘ಅಜ್ಜೀ, ಇದು ತೊಗೋರಿ.’

‘ನಿಮ್ಮವ್ವ ತಾನ ಕೇಳಿದ್ಲು ಯವ್ವಾ.’

‘ಕೇಳಿದ್ರ ಕೊಡಬ್ಯಾಡ್ರಿ,’ ಎಂದವಳೇ ನನ್ನ ಕಡೆ ತಿರುಗಿದಳು. ‘ಅಜ್ಜಾ, ಇಷ್ಟು ವರ್ಷ ಸೆಟದಿದ್ದಾಕಿ ಈಗ ತಲಿ ತಗ್ಗಿಸಿ ಅಡ್ಡಾಡಾಕತ್ತಾಳ. ನಂಗ ನೋಡಾಕ ಆಗವಲ್ದು. ಅಕಿಗೆ ಸುಳ್ಳು ಹೇಳಿದ ಗುಲ್ಫಶಾ ಮಾನ್ವಿಯಾಗ ಅದಾಳಂತ. ಅಕೀನ್ನ ಕೇಳಬೇಕು, ಯಾಕ ಹಂಗ ಮಾಡಿದಿ ಅಂತ.’

ಹೀಗೆ ನಾವು ಮೂವರು ಬಸ್ಸಿನಲ್ಲಿ ಮಾನ್ವಿಗೆ ಹೊರಟೆವು. ಯಶೋಧಾ ಒಲ್ಲೆನೆಂದಳು, ಮಗಳು ಕೈ ಹಿಡಿದು ಹತ್ತಿಸಿದಳು. ಅಷ್ಟರೊಳಗೆ ನಾನು ಧಾರಾವಾಹಿಯನ್ನು ಕೊನೆಯ ಕಂತಿನವರೆಗೆ ನೋಡಿ ಮುಗಿಸಿದ್ದೆ, ಏಕೆಂದರೆ ಪೂರ್ತಿ ನೋಡದೆ ಅಭಿಪ್ರಾಯ ಬರೆಯುವುದು ನನ್ನ ಅಭ್ಯಾಸವಲ್ಲ. ರಾಧಾಳೂ ಒಡೆದ ಫೋನಿನಲ್ಲಿ ಕೊನೆಯವರೆಗೆ ನೋಡಿದ್ದಳು. ಯಶೋಧಾ ಮಾತ್ರ ಆ ಮೂರರ ಮೇಲೆ ನೋಡಿರಲಿಲ್ಲ.

ಗುಲ್ಫಶಾ ಈಗ ಬಳೆ ಅಂಗಡಿ ಇಟ್ಟಿದ್ದಾರೆ. ಸ್ಥೂಲಕಾಯ, ಮೂಗಿನ ಮೇಲೆ ಕನ್ನಡಕ. ಯಶೋಧಾಳನ್ನು ಕಂಡು ‘ಅರೇ, ಅಮರವ್ವನ ಮಗಳು!’ ಎಂದು ಎದ್ದು ಬಂದು ತಬ್ಬಿಕೊಂಡರು. ರಾಧಾ ಕುಶಲಪ್ರಶ್ನೆಗೆ ಅವಕಾಶ ಕೊಡಲಿಲ್ಲ.

‘ಬತಾಸಿ ಹಂಗ ಅಂದೇ ಇಲ್ಲ. ನಮ್ಮವ್ವಗ ಯಾಕ ಸುಳ್ಳು ಹೇಳಿದ್ರಿ?’

ಗುಲ್ಫಶಾ ಕನ್ನಡಕ ತೆಗೆದರು. ‘ನೋಡಿದ್ರೇನು? ತೋಬಾ! ಅದು ಇನ್ನಾ ಅದಾ?’

‘ಅದ. ಎಲ್ಲಾ ಅದ.’

‘ನಾನೂ ಆಗ ಹತ್ತು ವರ್ಷದಾಕಿ ಬೇಟಾ. ಒಳಗ ಅವ್ರು ಸೋಫಾದ ಮ್ಯಾಲೆ ಉರುಳಾಡಿ ನಗಾಕತ್ತಿದ್ರು. ನನ್ನ ಬಾಜೂಕ ನಿಮ್ಮವ್ವ, ಬಾಯಿ ತಗದು, ಏನಂದ್ಲು ಏನಂದ್ಲು ಅಂತ ನನ್ನ ಅಂಗಿ ಜಗ್ಗಾಕಿ. ಹಿತ್ತಲಾಗ ನಿಮ್ಮಜ್ಜಿ ಭಾಂಡೆ ತಿಕ್ಕೋ ಸಪ್ಪಳ. ಆ ಮಾತು ನಾ ಹೆಂಗ ಇಕಿ ಕಿವಿಗೆ ಹಾಕಲಿ ಹೇಳು?’

‘ನಮ್ಮವ್ವಗೂ ಬತಾಸಿ ಅಂತ ಕರೀತಿದ್ರಲ್ಲ,’ ಎಂದಳು ಯಶೋಧಾ. ‘ಒಳಗಿದ್ದವ್ರಿಗೆ ಹಿಂದಿ ಬರತಿತ್ತು.’

‘ಬರತಿತ್ತು,’ ಎಂದರು ಗುಲ್ಫಶಾ.

‘ಮತ್ತ ನಾ ಅದು ಹೆಮ್ಮಿ ಅಂತ ತಿಳಿದಿದ್ದೆ. ಓಣಿ ತುಂಬ ಹೇಳಿಕೊಂಡು ಬಂದೆ.’

ಆ ಮನೆಯವರು ಆಮೇಲೆ ಊರಿನ ಗಣ್ಯರೆನಿಸಿಕೊಂಡರು. ಅವರ ಹೆಸರನ್ನೂ ನಾನು ಬರೆಯುವುದಿಲ್ಲ, ಕಾಗದ ಹೊಲಸಾಗುತ್ತದೆ. ಅಮರಮ್ಮ ಹಿಂದಿ ತಿಳಿಯದೆ, ಆ ಹೆಸರಿಗೆ ‘ಬಂದೆ’ ಎನ್ನುತ್ತಲೇ ಅಲ್ಲಿ ಸವೆದು ಸತ್ತಳೆಂಬುದನ್ನು ಮಾತ್ರ ಇಲ್ಲಿ ನಮೂದಿಸುತ್ತೇನೆ.

ಗುಲ್ಫಶಾ ಚಹಾ ತರಿಸಿದರು. ಮೂವರೂ ಕುಡಿಯದೆ ಕೂತಿದ್ದೆವು. ಅವರೇ ಕೇಳಿದರು: ‘ಕಡೀ ಕಂತು ನಾವು ನೋಡ್ಲೇ ಇಲ್ಲಲ್ಲ, ನೆನಪದಾ ಯಶೋಧಾ? ಅವತ್ತು ಅವ್ರ ಮನಿಗೆ ಬೀಗರು ಬಂದಿದ್ರಂತ ಕಿಟಕಿ ಹಾಕಿಬಿಟ್ರು. ಬತಾಸಿದು ಏನಾತೋ ನಂಗೂ ಗೊತ್ತಿಲ್ಲ.’

‘ಇಕಿ ನೋಡ್ಯಾಳ,’ ಎಂದು ಯಶೋಧಾ ಮಗಳ ಕಡೆ ನೋಡಿದಳು. ಕೇಳಬೇಕೆಂಬ ಆಸೆಯಿಂದಲ್ಲ, ಹೇಳು, ಅದೂ ಆಗಿಹೋಗಲಿ ಎಂಬಂತೆ.

ಕೊನೆಯ ಕಂತಿನಲ್ಲಿ ನಿಜವಾಗಿ ಇರುವುದು ಇದು. ಮನೆಮಂದಿಯೆಲ್ಲ ಸೇರಿ ಫೋಟೋ ತೆಗೆಸಿಕೊಳ್ಳುತ್ತಾರೆ. ಬತಾಸಿ ಒಂದು ಮೂಲೆಯಲ್ಲಿ ಬಂದು ನಿಲ್ಲುತ್ತಾಳೆ. ಯಜಮಾನ ಆಕೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸುತ್ತಾನೆ. ಆಕೆ ಕ್ಯಾಮೆರಾದ ಕಡೆ ತಿರುಗಿ ಹಲ್ಲು ಕಿಸಿಯುತ್ತಾಳೆ. ನಗು. ಮುಕ್ತಾಯ.

ರಾಧಾ ತಾಯಿಯ ಮುಖವನ್ನು ನೋಡಿದಳು. ಆಮೇಲೆ ಗುಲ್ಫಶಾ ಅವರನ್ನು ನೋಡಿದಳು.

‘ಕಡೀ ಕಂತಿನಾಗ ಎಲ್ಲಾರೂ ಫೋಟೋ ತಗಸಾಕ ನಿಂತಿರತಾರ. ಬತಾಸಿ ಕೈಯಾಗಿನ ಭಾಂಡೆ ಅವ್ರ ನಡುವ ಇಡತಾಳ. “ನಿಮ್ಮ ಭಾಂಡೆ ನೀವ ತಿಕ್ಕೋರಿ” ಅಂತಾಳ. ಅಂದು, ಮುಂಬಾಗಿಲಿಂದ ಹೊರಗ ಹೋಗತಾಳ.’

ಗುಲ್ಫಶಾ ಕನ್ನಡಕವನ್ನು ಹಾಕಿಕೊಂಡು ಹುಡುಗಿಯನ್ನು ಒಂದು ಕ್ಷಣ ದಿಟ್ಟಿಸಿದರು. ಆ ಕೆಲಸವನ್ನು ಮೊದಲು ಮಾಡಿದವರಾದ್ದರಿಂದ ಅವರಿಗೆ ತಿಳಿಯದಿರಲಿಲ್ಲ. ‘ಹೌದು,’ ಎಂದರು. ‘ಅಕಿ ಹಂಗ ಅನ್ನಾಕಿನ.’

ಯಶೋಧಾ ನನ್ನ ಕಡೆ ತಿರುಗಿದಳು. ‘ನೀವೂ ನೋಡೀರಲ್ರೀ ಸಾಹೇಬ್ರ. ಖರೇನಾ?’

ಸರ್ಕಾರಿ ಕಡತದಲ್ಲಿ ಸುಳ್ಳು ಷರಾ ಬರೆಯದ ನಾನು ‘ಖರೇ’ ಎಂದೆ.

ಆಕೆ ತಣ್ಣಗಾದ ಚಹಾ ಎತ್ತಿಕೊಂಡು ಒಂದು ಗುಟುಕು ಕುಡಿದಳು. ನಂಬಿದಳೆಂದು ನಾನು ಹೇಳಲಾರೆ. ಮಗಳ ಸುಳ್ಳು ಯಾವ ತಾಯಿಗೆ ತಿಳಿಯದು? ಆದರೂ ಬಾಗಿದ್ದ ಬೆನ್ನು ನೆಟ್ಟಗಾಯಿತು.

‘ಮುಂಬಾಗಿಲಿಂದನ ಹೋದ್ಲಾ?’ ಎಂದು ಮಗಳನ್ನು ಕೇಳಿದಳು.

‘ಮುಂಬಾಗಿಲಿಂದನ.’

‘ಚಪ್ಲಿ?’

‘ಒಳಗ, ಪಡಸಾಲಿಯಾಗ ನಿಂತು ಹಾಕ್ಕೊಂಡ್ಲು ಯವ್ವಾ,’ ಎಂದಳು ರಾಧಾ. ‘ಹಾಕ್ಕೊಂಡ ನಡದ್ಲು.’