ಗೋಡೆಯ ನೆತ್ತಿಯ ಶಿಲುಬೆ

ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷ. ಐದಕ್ಕೆ ಟ್ಯೂಷನ್ ಇದ್ದುದರಿಂದ ಗಡಿಯಾರ ನೋಡಿಯೇ ಹಿತ್ತಲಿಗೆ ಇಳಿದಿದ್ದೆ. ನನಗಾಗ ಹನ್ನೊಂದು ವರ್ಷ.

ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳವು. ಮಾತೆ ಮರಿಯಮ್ಮನ ಹುಟ್ಟುಹಬ್ಬ, ನಮಗೆ ಹೊಸ ತೆನೆಯ ಹಬ್ಬವೂ ಹೌದು. ದೇರೆಬೈಲಿನ ನಾವು ಮಕ್ಕಳೆಲ್ಲ ದಿನಾ ಬೆಳಿಗ್ಗೆ ಬುಟ್ಟಿಯಲ್ಲಿ ಹೂ ಹೊತ್ತು ಇಗರ್ಜಿಗೆ ಓಡುತ್ತಿದ್ದೆವು. ಯಾರ ಬುಟ್ಟಿ ಹೆಚ್ಚು ತುಂಬಿದೆ ಎಂದು ದಾರಿಯುದ್ದಕ್ಕೂ ಜಗಳ. ಪಕ್ಕದ ಮನೆಯ ವಸಂತಿಯಕ್ಕ, "ನಿಮ್ಮ ಮಾತೆಗೆ ನನ್ನ ದಾಸವಾಳವೇ ಆಗಬೇಕಾ ಮಾರಾಯ್ತಿ? ನಮ್ಮ ದೇವರಿಗೂ ಎರಡು ಬಿಡು" ಎಂದು ಬೈಯುತ್ತಲೇ ಕೊಂಬೆ ಬಗ್ಗಿಸಿ ಕೊಡುತ್ತಿದ್ದರು.

ನಾನು ಒಂದು ಹಿಡಿ ಹೂವನ್ನು ಸಂಜೆಗೆಂದು ಉಳಿಸುತ್ತಿದ್ದೆ. ಅದು ನಮ್ಮ ಹಿತ್ತಲ ಗೋಡೆಯ ಶಿಲುಬೆಗೆ.

ಗೋಡೆ ಲೆಸ್ಲಿ ಬಾಪ್ಪು ಕಟ್ಟಿಸಿದ್ದು. ಅವರು ಪಪ್ಪನ ಚಿಕ್ಕಪ್ಪನ ಮಗ. ನನ್ನ ಜ್ಞಾನಸ್ನಾನದ ದಿನ ನನ್ನನ್ನು ಎತ್ತಿಕೊಂಡು ನಿಂತವರು. ನಮ್ಮ ವಾರ್ಡಿನ ಗುರ್ಕಾರ, ಅಂದರೆ ಮನೆಮನೆಯ ಜಪಸರ ಪ್ರಾರ್ಥನೆಗೆ ಮುಂದಾಳು. ನಮ್ಮ ಮನೆಯ ಹಿಂದಿನ ಗುಡ್ಡ ಕಡಿದು ಮೇಲೆ ತಮ್ಮ ಮನೆ ಕಟ್ಟುವಾಗ, ಮಣ್ಣು ಕೆಳಗೆ ಜಾರದಿರಲೆಂದು ಈ ಗೋಡೆ ಎಬ್ಬಿಸಿದ್ದರು. ಪಪ್ಪ ಕುವೈತಿನಲ್ಲಿದ್ದ. ನರ್ಸ್ ಆಗಿದ್ದ ಮಮ್ಮಿಯೇ ಕೇಳಿದ್ದು.

"ಲೆಸ್ಲಿ, ನೀರು ಹೋಗ್ಲಿಕ್ಕೆ ಗೋಡೆಯಲ್ಲಿ ಒಂದು ತೂತು ಕೂಡ ಇಲ್ಲ. ಮಳೆಗೆ ಎಂತ ಮಾಡುದು?"

"ಮಾಡಿಸ್ತೇನೆ ಮಾರಾಯ್ತಿ. ಮೇಸ್ತ್ರಿ ಊರಿಗೆ ಹೋಗಿದ್ದಾನೆ."

ಮೇಸ್ತ್ರಿ ಬರಲೇ ಇಲ್ಲ. ಬಿರುಕು ಕಾಣಿಸಿಕೊಂಡಾಗ ಬಾಪ್ಪು ಸಿಮೆಂಟಿನ ಪುಟ್ಟ ಶಿಲುಬೆ ತಂದು ಗೋಡೆಯ ನೆತ್ತಿಗೆ ಕೂರಿಸಿದರು. ಬಾಟಲಿಯಿಂದ ತೀರ್ಥ ಚಿಮುಕಿಸಿದರು.

"ಇನ್ನು ಇದು ದೇವರ ಗೋಡೆ. ವಿಶ್ವಾಸ ಉಂಟಲ್ಲ ನಿಮಗೆ?"

ಇಲ್ಲ ಎನ್ನಲು ನಮ್ಮಂಥ ಮನೆಯಲ್ಲಿ ಯಾರಿಗೆ ಬಾಯಿ ಬರುತ್ತದೆ? ನಾನಂತೂ ಪೂರ್ತಿ ನಂಬಿದೆ.

ಆ ಸಂಜೆ ಮಮ್ಮಿ ಆಸ್ಪತ್ರೆಯ ಕೆಲಸಕ್ಕೆ ಹೋಗಿದ್ದಳು. ಗೋಡೆಯ ಬುಡದಲ್ಲಿ ಕೆಂಪು ನೀರು ಜಿನುಗುತ್ತಿತ್ತು. ಶಿಲುಬೆ ನಮ್ಮ ಮನೆಯತ್ತ ವಾಲಿತ್ತು. ಅಡುಗೆಮನೆಯಲ್ಲಿ ಮಾಯಿ, ನನ್ನ ಅಜ್ಜಿ, ಬಂಗುಡೆ ಸಾರಿಗೆ ಮಸಾಲೆ ಅರೆಯುವ ಸದ್ದು. ಹುರಿದ ಕೊತ್ತಂಬರಿಯ ಪರಿಮಳ. ನಾನು ಕೂಗಬೇಕಿತ್ತು. ಕೂಗಲಿಲ್ಲ. ಹೂ ಕೆಳಗಿಟ್ಟು, ಕಣ್ಣು ಮುಚ್ಚಿ, ನಮೋ ಮರಿಯಾ ಜಪ ಹೇಳತೊಡಗಿದೆ. ಒಂದಲ್ಲ, ಎರಡಾಯಿತು. ಮೂರನೆಯದರ ನಡುವೆ ವಸಂತಿಯಕ್ಕ ಬೇಲಿಯಾಚೆಯಿಂದ ಕಿರುಚಿದರು.

"ಏ ಬಾಲೆ! ಬಲಿಪು! ಬಲಿಪು!"

ತುಳುವಿನಲ್ಲಿ ಓಡು ಎಂದರು, ಓಡಿದೆ. ಒಬ್ಬಳೇ ಓಡಿದೆ. ಬೆನ್ನ ಹಿಂದೆ ಲಾರಿಯಿಂದ ಕಲ್ಲು ಸುರಿದಂಥ ಸದ್ದು. ತಿರುಗಿದಾಗ ಅಡುಗೆಮನೆ ಇರಲಿಲ್ಲ.

ವಸಂತಿಯಕ್ಕನೂ ಅವರ ಗಂಡನೂ ಕೈಯಿಂದಲೇ ಮಣ್ಣು ಬಗೆದು ಮಾಯಿಯನ್ನು ಎಳೆದು ತೆಗೆದರು. ಕಾಲು ಮುರಿದಿತ್ತು. ಉಸಿರಿತ್ತು.

ಬಿಜೈಯ ಬಸ್ ನಿಲ್ದಾಣದ ಪಕ್ಕ ಬಾಡಿಗೆಗೆ ಒಂದು ಕೋಣೆ ಹಿಡಿದೆವು. ರಾತ್ರಿ ಬಸ್ಸು ಹಿಂದಕ್ಕೆ ಬಂದಾಗಲೆಲ್ಲ ಕಿಟಕಿ ನಡುಗುತ್ತಿತ್ತು; ಗೋಡೆಯೇ ಬಿತ್ತೆಂದು ನಾವು ಮೂವರೂ ಎದ್ದು ಕೂರುತ್ತಿದ್ದೆವು.

ಹಬ್ಬದ ದಿನ ಬಾಪ್ಪು ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆ ಹಿಡಿದು ಬಂದರು. ಇಗರ್ಜಿಗೆ ಬರಲಾಗದವರಿಗೆ ಅದನ್ನು ತಲುಪಿಸುವುದು ಗುರ್ಕಾರನ ಕೆಲಸ.

"ದೇವರು ದೊಡ್ಡವನು ಮಾಯಿ, ಜೀವ ಉಳಿಯಿತಲ್ಲ. ಎಲ್ಲ ಅವನ ಚಿತ್ತ."

"ಅವನ ಚಿತ್ತ ಅವನು ನೋಡಿಕೊಳ್ತಾನೆ. ನೀನು ತೂತು ಯಾಕೆ ಇಡಿಸಲಿಲ್ಲ, ಅದು ಹೇಳು."

ಬಾಪ್ಪು ವಾಚು ನೋಡಿಕೊಂಡರು. "ಇನ್ನೂ ನಾಲ್ಕು ಮನೆ ಉಂಟು." ನನ್ನ ತಲೆ ಸವರಲು ಕೈ ಚಾಚಿದರು. ನಾನು ಹಿಂದೆ ಸರಿದೆ.

ಮಾಯಿ ತೆನೆ ಎಸೆಯಲಿಲ್ಲ. ಉಗುರಿನಿಂದ ಕಾಳು ಸುಲಿದು, ತೆಂಗಿನ ಹಾಲಿಗೆ ಹಾಕಿ, ಹಿರಿಯರು ಕೊಡುವ ಪದ್ಧತಿಯಂತೆ ತಾನೇ ಕೊಟ್ಟಳು.

"ನನಗೆ ಬೇಡ. ಅವರು ತಂದದ್ದು."

"ತಂದದ್ದು ಅವನು. ಬೆಳೆಸಿದ್ದೂ ಅವನಾ?"

ಆಗಲೂ ನಾನು ತಿನ್ನಲಿಲ್ಲ. ಹಬ್ಬಕ್ಕೆ ಬರಲಾಗದ ಮನೆಯವರಿಗೆ ನಾಲ್ಕು ಕಾಳು ಅಂಚೆಯಲ್ಲಿ ಕಳಿಸುವುದು ನಮ್ಮಲ್ಲಿ ರೂಢಿ. ಮಾಯಿ ಕಾಗದದಲ್ಲಿ ಎರಡು ಪೊಟ್ಟಣ ಮಡಚಿದಳು.

"ಇದು ಕುವೈತಿಗೆ. ಇದು ನಿನಗೆ. ನೀನೂ ಈಗ ದೂರ ಇದ್ದಿ."

ನವೆಂಬರಿನ ಒಂದು ಶನಿವಾರ ಮಾಯಿ ಕೋಲು ಹಿಡಿದು ಬಾಗಿಲ ತನಕ ನಡೆದಳು. ಅವಳ ಕಾಲು ನೋಡುತ್ತ ನನಗೆ ತಡೆಯಲಾಗಲಿಲ್ಲ.

"ಮಾಯಿ, ಗೋಡೆ ವಾಲಿದ್ದು ನಾನು ನೋಡಿದ್ದೆ. ನಿನ್ನನ್ನು ಕರೆಯಲಿಲ್ಲ. ಪ್ರಾರ್ಥನೆ ಮಾಡ್ತಾ ನಿಂತೆ."

ಅವಳು ಮಂಚದ ತುದಿಯಲ್ಲಿ ಕೂತಳು. ಕೋಲನ್ನು ಗೋಡೆಗೆ ಒರಗಿಸಿದಳು.

"ಅವನು ಕೇಳಿಸಿಕೊಂಡನಲ್ಲ ಬಾಯೆ. ವಸಂತಿಯ ಗಂಟಲಲ್ಲಿ ಉತ್ತರ ಕೊಟ್ಟ. ಅದೂ ತುಳುವಿನಲ್ಲಿ!" ನಗಲು ಹೋಗಿ ಕೆಮ್ಮಿದಳು. "ನಿನಗೆ ಸುಳ್ಳು ಹೇಳಿದ್ದು ಲೆಸ್ಲಿ. ದೇವರಲ್ಲ. ಇನ್ನು ಮೇಲೆ ಕಣ್ಣು ಬಿಟ್ಟು ಪ್ರಾರ್ಥನೆ ಮಾಡು."

ನಾನು ಪೊಟ್ಟಣ ಬಿಚ್ಚಿ ಕಾಳು ಅಗಿದೆ. ಒಣಗಿ ಗಟ್ಟಿಯಾಗಿತ್ತು.

ಇಂದಿಗೂ ಕಣ್ಣು ಬಿಟ್ಟೇ ಪ್ರಾರ್ಥಿಸುತ್ತೇನೆ. ದಾರಿಯ ಗೋಡೆಗಳಲ್ಲಿ ತೂತು ಉಂಟೋ ಎಂದು ಹುಡುಕುತ್ತೇನೆ. ಬಾಪ್ಪು ಮುಂದಿನ ಬೆಂಚಿನಲ್ಲಿ ಈಗಲೂ ಗಟ್ಟಿಯಾಗಿ ಹಾಡುತ್ತಾರೆ. ಮಾಯಿಯ ಪ್ರಶ್ನೆಗೆ ಉತ್ತರ ಬಂದಿಲ್ಲ. ಮಾಯಿ ಈಗಿಲ್ಲ. ದೊಡ್ಡವರು ಹೇಳಿದ್ದನ್ನೆಲ್ಲ ನಂಬಿ ಹೂ ಉಳಿಸಿಡುತ್ತಿದ್ದ ಆ ಹುಡುಗಿಯನ್ನು ಯಾರೂ ಮಣ್ಣು ಬಗೆದು ಹೊರತೆಗೆಯಲಿಲ್ಲ.

ಆದರೆ ಮಾಯಿಗೆ ಎಲ್ಲ ಹೇಳಿದ ಆ ಶನಿವಾರ ರಾತ್ರಿ ಬಸ್ಸುಗಳು ಎಷ್ಟು ಸಲ ಹಿಂದಕ್ಕೆ ಬಂದವೋ ನನಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಬಂದಿತ್ತು, ಭಾನುವಾರದ ಮೊದಲ ಪೂಜೆ ತಪ್ಪಿಹೋಗಿತ್ತು. ಮಮ್ಮಿ, ಮಾಯಿ ಇಬ್ಬರೂ ಗೊರಕೆ ಹೊಡೆಯುತ್ತಿದ್ದರು. ನಾನು ಎಬ್ಬಿಸಲಿಲ್ಲ.