ಬೋಗದಾದ ಮೇಲಿನ ಅಂಕಿ

ನಾನು ಬೋರ್ಡು ಬರೆಯುವವನಾಗಿದ್ದೆ. ಮ್ಯಾಟ್ರಿಕ್ ಆದ ಮೇಲೆ ಮಿರಜದ ಒಬ್ಬ ಪೇಂಟರ್ ಕೈಕೆಳಗೆ ಮೂರು ವರ್ಷ ಬಣ್ಣ ಕಲಸಿದೆ. ಆಮೇಲೆ ಸಾಂಗಲಿ ಮತ್ತು ಮಿರಜದ ನಡುವೆ ಇರುವ ನಮ್ಮ ಉಪನಗರದಲ್ಲಿ ಸ್ವಂತ ಅಂಗಡಿ ಇಟ್ಟೆ. ಮನೆಯಲ್ಲಿ ಕನ್ನಡ, ಬೋರ್ಡಿನ ಮೇಲೆ ಮರಾಠಿ. ಅರಿಶಿಣದ ಅಡತಿ ಅಂಗಡಿಗಳ ಹೆಸರು, ದವಾಖಾನೆಯ ಬಾಣದ ಗುರುತು, ಲಾರಿಯ ಹಿಂದಿನ ನವಿಲು, ಎಲ್ಲ ಬರೆದಿದ್ದೇನೆ. ಆದರೆ ಹೊಟ್ಟೆ ತುಂಬಿಸಿದ್ದು ಸೇತುವೆಗಳು. ಸೇತುವೆಗೆ ಎರಡು ಮಳೆಗಾಲಕ್ಕೊಮ್ಮೆ ಬಣ್ಣ ಬೇಕು, ಕಟ್ಟೆಗೆ ಕರಿಬಿಳಿ ಪಟ್ಟಿ ಬೇಕು, ಎಚ್ಚರಿಕೆಯ ಬೋರ್ಡು ಬೇಕು. ಗುತ್ತೇದಾರ ಬದಲಾದರೂ ಪೇಂಟರ್ ನಾನೇ ಇರುತ್ತಿದ್ದೆ.

ನಮ್ಮ ಉಪನಗರಕ್ಕೆ ಮೂರು ಸೇತುವೆ. ಮೊದಲನೆಯದು ಹಳ್ಳದ ಮೇಲಿನ ಕಲ್ಲುಸೇತುವೆ, ಸಂಸ್ಥಾನದ ಕಾಲದ್ದು. ಎತ್ತಿನ ಗಾಡಿಗೆಂದು ಕಟ್ಟಿದ್ದು. ಎರಡು ಬಸ್ಸು ಎದುರುಬದುರು ಬಂದರೆ ಒಂದು ಹಿಂದೆ ಸರಿಯಲೇಬೇಕು. ಕೃಷ್ಣೆಗೆ ನೆರೆ ಬಂದಾಗ ಹಳ್ಳದ ನೀರು ಹಿಮ್ಮುಖವಾಗಿ ಏರಿ ಅದರ ಕಮಾನು ಮುಚ್ಚುತ್ತಿತ್ತು. ನೀರು ಇಳಿದ ಮೇಲೆ ಕಟ್ಟೆಯ ರಾಡಿ ಕೆರೆದು ಮತ್ತೆ ಪಟ್ಟಿ ಹೊಡೆಯುವುದು ನನ್ನ ಕೆಲಸ.

ಎರಡನೆಯದು ರೈಲುಹಳಿಯ ಕೆಳಗಿನ ದಾರಿ. ನಾವು ಅದನ್ನು ಬೋಗದಾ ಅನ್ನುತ್ತಿದ್ದೆವು. ಮೀಟರ್‌ಗೇಜ್ ಕಾಲದಲ್ಲಿ ಅದು ಕಟ್ಟಿಗೆ ಹೊರುವವರು, ಎಮ್ಮೆ ಹೊಡೆಯುವವರು ನುಸುಳುವ ಸಂದಿ. ಹಳಿ ಅಗಲವಾದಾಗ ಮೇಲಿನ ಕಬ್ಬಿಣದ ತೊಲೆಗಳನ್ನು ಬದಲಿಸಿದರು, ಕೆಳಗೆ ಸ್ವಲ್ಪ ಅಗೆದು ಡಾಂಬರು ಹಾಕಿದರು. ಆಗ ಟೆಂಪೋಗಳು ಹೋಗತೊಡಗಿದವು. ತೊಲೆಯ ಮೇಲೆ ಹಳದಿ ತಗಡು ಜಡಿದು ಎತ್ತರದ ಅಂಕಿ ಬರೆಸಿದರು: ೩.೬ ಮೀಟರ್. ಆ ಮೊದಲ ಅಂಕಿಯನ್ನು ಬರೆದವನು ನನ್ನ ಗುರು. ಅವನು ಅಳೆದೇ ಬರೆದಿದ್ದ.

ಮೂರನೆಯದು ರೈಲ್ವೆ ಗೇಟಿನ ಮೇಲಿನ ಉಡ್ಡಾಣಪೂಲು. ಗೇಟು ಮುಚ್ಚಿದರೆ ಕುಪವಾಡ ಎಂಐಡಿಸಿಯ ಕಾರ್ಖಾನೆಗಳ ಪಾಳಿ ತಪ್ಪುತ್ತಿತ್ತು, ಬಸುರಿಯರು ರಿಕ್ಷಾದಲ್ಲೇ ನರಳುತ್ತಿದ್ದರು. ಹೀಗಾಗಿ ಗೇಟಿನ ಮೇಲೆ ಸೇತುವೆ ಕಟ್ಟುವುದು ಶುರುವಾಯಿತು. ಅದು ಮುಗಿಯುವ ತನಕ ಗೇಟಿನ ರಸ್ತೆ ಬಂದ್. ಸಣ್ಣ ಗಾಡಿಗಳನ್ನೆಲ್ಲ ಬೋಗದಾದ ಕಡೆಗೆ ತಿರುಗಿಸಿದರು. ಅಷ್ಟು ಗಾಡಿಯ ಭಾರಕ್ಕೆ ಬೋಗದಾದ ರಸ್ತೆ ಒಂದೇ ಮಳೆಗಾಲದಲ್ಲಿ ಕಿತ್ತುಹೋಯಿತು. ಗುತ್ತೇದಾರ ಹಳೆಯ ಡಾಂಬರನ್ನು ಕೀಳದೆ ಅದರ ಮೇಲೇ ಖಡಿ ಸುರಿದು ಹೊಸ ಡಾಂಬರು ಹಾಕಿದ. ಅದೂ ಕಿತ್ತಿತು, ಮತ್ತೊಂದು ಪದರ ಬಂತು. ಇದನ್ನೆಲ್ಲ ನಾನು ದಿನಾ ನೋಡುತ್ತಿದ್ದೆ. ನನ್ನ ಅಂಗಡಿ ಬೋಗದಾಕ್ಕೆ ಕೂಗಳತೆಯಲ್ಲಿತ್ತು.

ಎರಡನೆಯ ಪದರ ಮುಗಿದ ವಾರ ಗುತ್ತೇದಾರನ ಮುಕಾದಮ ನನ್ನ ಅಂಗಡಿಗೆ ಬಂದ. ಮಾರನೆಯ ದಿನ ಸಾಹೇಬರ ಪಾಹಣಿ, ಅಂದರೆ ತಪಾಸಣೆ, ಇತ್ತು. ಅಷ್ಟರಲ್ಲಿ ದಾರಿಯ ಎಲ್ಲ ಬೋರ್ಡು ಹೊಸದಾಗಿ ಕಾಣಬೇಕಿತ್ತು.

"ಬೋಗದಾದ ನಂಬರ್‌ನೂ ಹೊಡೀಬೇಕೇನು?" ಎಂದು ಕೇಳಿದೆ.

"ಹಳೇದರ ಮ್ಯಾಲನ ಹೊಡದ ಬಿಡಪಾ."

"ಅಳತಿ?"

"ಬೋಗದಾ ಏನ್ ಎಮ್ಮಿ ಕರಾ ಅದ ಏನಪಾ, ವರ್ಷಾ ಬೆಳ್ಯಾಕ?" ಎಂದು ಅವನು ನಕ್ಕ. ನಾನೂ ನಕ್ಕೆ.

ನಮ್ಮ ಕೆಲಸದಲ್ಲಿ ಒಂದು ರೂಢಿ ಇದೆ. ಹಳೆಯ ಬಣ್ಣ ಎಷ್ಟೇ ಮಾಸಿದರೂ ಅಕ್ಷರ ಇದ್ದ ಜಾಗ ಒಂದು ಕೂದಲಿನಷ್ಟು ಉಬ್ಬಿರುತ್ತದೆ. ಓರೆ ಬೆಳಕಿನಲ್ಲಿ ನೋಡಿದರೆ ಅದು ಕಾಣುತ್ತದೆ. ಕುಂಚವನ್ನು ಆ ಉಬ್ಬಿನ ಮೇಲೆ ನಡೆಸಿದರೆ ಸಾಕು, ಗೆರೆ ಹಾಕಬೇಕಿಲ್ಲ, ಅಳೆಯಬೇಕಿಲ್ಲ. ಓದದೆಯೇ ಬರೆಯಬಹುದು. ಅಂದು ನಾನು ಹಾಗೇ ಬರೆದೆ. ಟೇಪು ನನ್ನ ಜೇಬಿನಲ್ಲೇ ಇತ್ತು. ನಿಚ್ಚಣಿಕೆಯ ಮೇಲಿಂದಲೇ ಟೇಪಿನ ತುದಿಯನ್ನು ನೆಲಕ್ಕೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಬಿಡಲಿಲ್ಲ.

ಇದು ತಪ್ಪು. ಆದರೆ ನಾನು ಹೇಳಬೇಕೆಂದಿರುವುದು ಇದನ್ನಲ್ಲ.

ಮಾಲಗಾಂವದ ಇಬ್ಬರು ಅಣ್ಣತಮ್ಮಂದಿರು ಟೆಂಪೋ ಇಟ್ಟುಕೊಂಡಿದ್ದರು. ತಮ್ಮ ಓಡಿಸುತ್ತಿದ್ದ, ಅಣ್ಣ ಮಾಲು ಹೇರಿ ಹಗ್ಗ ಬಿಗಿಯುತ್ತಿದ್ದ. ಮಿರಜದಲ್ಲಿ ಸಿತಾರ್, ತಂಬೂರಿ ಮಾಡುವವರಿಗೆ ಪಂಢರಪುರದ ಕಡೆಯಿಂದ ಒಣಗಿದ ಸೋರೆಬುರುಡೆಗಳು ಬರುತ್ತವೆ. ಅವು ಗಾಳಿಯಷ್ಟು ಹಗುರ. ಆದ್ದರಿಂದ ಗಾಡಿಯ ಮೇಲೆ ಬಣವೆಯಂತೆ ಎತ್ತರ ಒಟ್ಟುತ್ತಾರೆ. ತಮ್ಮ ಬಹಳ ಎಚ್ಚರದ ಮನುಷ್ಯ. ಗಾಡಿಯಲ್ಲಿ ಒಂದು ಬಿದಿರಗಳ ಇಟ್ಟಿದ್ದ, ಅದಕ್ಕೆ ಮೂರೂವರೆ ಮೀಟರಿಗೆ ಕಚ್ಚು ಹಾಕಿದ್ದ. ಹೇರು ಆ ಕಚ್ಚು ದಾಟಿದರೆ ಮೇಲಿನ ಸಾಲನ್ನು ಇಳಿಸುತ್ತಿದ್ದ. ಬೋಗದಾದ ಮುಂದೆ ಗಾಡಿ ನಿಲ್ಲಿಸಿ, ಇಳಿದು, ಅಂಕಿ ಓದಿ, ಗಳ ಹಿಡಿದು ಹೇರನ್ನು ಅಳೆದು ನೋಡಿ, ಮತ್ತೆ ಹತ್ತುತ್ತಿದ್ದ. ಹಿಂದಿನ ಗಾಡಿಯವರು ಬಾಯಿಗೆ ಬಂದಂತೆ ಬೈದರೂ ಇದನ್ನು ಬಿಡುತ್ತಿರಲಿಲ್ಲ.

ನಾನು ಬಣ್ಣ ಹೊಡೆದ ಒಂಬತ್ತನೆಯ ದಿನ ಬೆಳಿಗ್ಗೆ ಅವನು ಹಾಗೇ ಇಳಿದ, ಓದಿದ, ಅಳೆದ. ೩.೬ ಅಂದರೆ ಅರ್ಧ ಗೇಣು ಉಳಿಯಬೇಕಿತ್ತು. ಗಾಡಿ ಒಳಗೆ ಹೋಯಿತು. ಅಣ್ಣ ಹೇರಿನ ಹಿಂಬದಿಯಲ್ಲಿ ಹಗ್ಗ ಹಿಡಿದು ಕೂತಿದ್ದ. ತೊಲೆ ಬುರುಡೆಗಳನ್ನು ಹಿಂದಕ್ಕೆ ಒತ್ತಿತು. ನೂರಾರು ಗಡಿಗೆ ಒಟ್ಟಿಗೆ ಒಡೆದ ಸಪ್ಪಳ ನನ್ನ ಅಂಗಡಿಯವರೆಗೂ ಬಂತು. ಅಣ್ಣ ಹೇರಿನ ಜೊತೆ ಕೆಳಗೆ ಬಿದ್ದ. ಸೊಂಟದ ಎಲುಬು ಮುರಿಯಿತು. ರಿಕ್ಷಾದಲ್ಲಿ ಮಲಗಿಸಿ ಮಿರಜದ ದವಾಖಾನೆಗೆ ಒಯ್ದರು.

ನಾನು ಹೋಗಿ ನೋಡಿದೆ. ತೊಲೆ ನೋಡಿದೆ, ರಸ್ತೆ ನೋಡಿದೆ. ಏನಾಗಿದೆ ಎಂದು ಅಲ್ಲಿ ಸೇರಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಾಯಿತು. ಜನ ಚದುರಿದ ಮೇಲೆ ಟೇಪು ಹಿಡಿದು ಅಳೆದೆ. ಮೂರು ಮೀಟರ್ ನಲವತ್ತು ಸೆಂಟಿಮೀಟರ್. ಎರಡು ಪದರ ಡಾಂಬರು ರಸ್ತೆಯನ್ನು ಅಷ್ಟು ಮೇಲೆತ್ತಿತ್ತು.

ಪಂಚನಾಮೆ ಮಾರನೆಯ ದಿನ ಎಂದರು. ರಸ್ತೆ ಬಂದ್ ಮಾಡಿ ಒಬ್ಬ ಪೊಲೀಸನನ್ನು ಕೂರಿಸಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ನಾನು ನಿಚ್ಚಣಿಕೆ, ಎರಡು ಡಬ್ಬಿ ಬಣ್ಣ ತೆಗೆದುಕೊಂಡು ಹೋದೆ. ಬೋರ್ಡಿನ ಕೆಲಸ ಉಳಿದಿದೆ ಎಂದು ಅವನಿಗೆ ಮರಾಠಿಯಲ್ಲಿ ಹೇಳಿದೆ. ಅವನು ನನ್ನನ್ನು ಆ ಜಾಗದಲ್ಲಿ ದಿನಾ ನೋಡಿದವನು. "ಲೌಕರ ಆಟಪ ಬಾಬಾ, ಬೇಗ ಮುಗಿಸು," ಎನ್ನುತ್ತ ಅವನೇ ಬಂದು ನಿಚ್ಚಣಿಕೆ ಹಿಡಿದ. ನಾನು ಆರರ ಮೇಲೆ ಹಳದಿ ಬಳಿದೆ, ಅದು ಆರುವತನಕ ಅವನ ಜೊತೆ ತಂಬಾಕು ತಿಕ್ಕಿದೆ, ಆಮೇಲೆ ನಾಲ್ಕು ಬರೆದೆ. ಬೇಗ ಒಣಗಲೆಂದು ಟರ್ಪೆಂಟೈನ್ ಹೆಚ್ಚು ಬೆರೆಸಿದ್ದೆ. ಕೊನೆಗೆ, ಪೊಲೀಸ ಆ ಕಡೆ ತಿರುಗಿದಾಗ, ರಸ್ತೆಯ ಒಂದು ಹಿಡಿ ಧೂಳನ್ನು ಹಸಿ ಬಣ್ಣದ ಮೇಲೆ ಎರಚಿದೆ. ಹೊಸ ಬಣ್ಣವನ್ನು ಹಳೆಯದಾಗಿ ಕಾಣಿಸಲು ನನ್ನ ಗುರು ಕಲಿಸಿದ ಉಪಾಯ ಅದು. ಅವನು ಅದನ್ನು ಕಲಿಸಿದ್ದು ನಾಟಕದ ಪರದೆಗಳಿಗಾಗಿ.

ಹೆದರಿದ್ದೆ. ಕೇಸಾಗುತ್ತದೆ, ಇನ್ನು ಯಾರೂ ಕೆಲಸ ಕೊಡುವುದಿಲ್ಲ ಎಂದುಕೊಂಡಿದ್ದೆ. ಇದು ಕಾರಣ, ಸಮರ್ಥನೆಯಲ್ಲ.

ಪಂಚನಾಮೆಯಲ್ಲಿ ಬೋಗದಾ ೩.೪, ಬೋರ್ಡೂ ೩.೪. ತಮ್ಮ ನಿಂತಲ್ಲೇ ಕೂಗಾಡಿದ. "ನಿನ್ನಿ ಆರ ಇತ್ತರಿ! ನನ್ನ ಕಣ್ಣಿಲೆ ಓದೇನಿ!" ನಿಚ್ಚಣಿಕೆ ಏರಿ ಅಂಕಿಯನ್ನು ಬೆರಳಿಂದ ತಿಕ್ಕಿ ನೋಡಿದ. ಬೆರಳಿಗೆ ಬಣ್ಣ ಹತ್ತಲಿಲ್ಲ, ಧೂಳು ಹತ್ತಿತು. ನಾನು ಹತ್ತು ಮಾರು ದೂರದಲ್ಲಿ, ಜನರ ನಡುವೆ ನಿಂತಿದ್ದೆ. ನಿಚ್ಚಣಿಕೆ ಹಿಡಿದಿದ್ದ ಪೊಲೀಸ ಅಂದು ಬೇರೆ ಕಡೆ ಡ್ಯೂಟಿಯಲ್ಲಿದ್ದ. ಕುಡಿದಿದ್ದ ಎಂದು ಒಬ್ಬರು, ನಿದ್ದೆಗಣ್ಣು ಎಂದು ಇನ್ನೊಬ್ಬರು ಅಂದರು. ಅವನ ಲೈಸನ್ಸ್ ಹೋಯಿತು.

ಮುಂದೆ ಆ ಮಾತು ನಮ್ಮ ಭಾಗದಲ್ಲಿ ಒಂದು ಚೇಷ್ಟೆಯಾಯಿತು. ಚಹಾದ ಅಂಗಡಿಗೆ ಯಾರಾದರೂ ತಡವಾಗಿ ಬಂದು ನೆಪ ಹೇಳಿದರೆ, "ಏನಲೇ, ನಿನ್ನ ಗಡಿಯಾರದಾಗಿನ ನಂಬರ್‌ನೂ ರಾತ್ರೋರಾತ್ರಿ ಬದಲಾತೇನು?" ಎಂದು ಕೇಳುವರು. "ಬೋಗದಾದ ನಂಬರ್" ಅಂದರೆ ಸುಳ್ಳು ಎಂದು ಅರ್ಥ. ಒಂದು ಸಲ ಹೀಗೆ ನಗುತ್ತಿರುವಾಗ ಆ ತಮ್ಮನೇ ಬಾಗಿಲಲ್ಲಿ ಬಂದು ನಿಂತ. ಯಾರೂ ನಗು ನಿಲ್ಲಿಸಲಿಲ್ಲ. ನಾನೂ ನಿಲ್ಲಿಸಲಿಲ್ಲ. ಅವನು ಚಹಾ ಕುಡಿಯದೆ ಹೋದ.

ಅಣ್ಣ ಎದ್ದು ನಡೆಯಲು ಒಂದು ವರ್ಷ ಬೇಕಾಯಿತು, ಅದೂ ಕೋಲು ಹಿಡಿದು. ತನ್ನ ಅಡ್ಡಾದಿಡ್ಡಿತನ ಮುಚ್ಚಲು ತಮ್ಮ ಅಂಕಿಯ ಕತೆ ಕಟ್ಟಿದ ಎಂದು ಅಣ್ಣ ನಂಬಿದ. ಗಾಡಿಯನ್ನು ತೊಲೆಗೆ ಹೊಡೆಸಿದ್ದಕ್ಕಿಂತ ಸುಳ್ಳು ಹೇಳಿದ್ದು ದೊಡ್ಡ ತಪ್ಪು ಎಂದು ಊರಿನವರ ಮುಂದೆ ಹೇಳಿದನಂತೆ. ಮನೆ ಎರಡಾಯಿತು, ನಡುವೆ ಗೋಡೆ ಬಂತು. ಇಷ್ಟು ಸುದ್ದಿ ನನಗೆ ಮಾಲಗಾಂವದಿಂದ ಕೆಲಸಕ್ಕೆ ಬರುವವರಿಂದ ಆಗಾಗ ಸಿಗುತ್ತಿತ್ತು. ಕೇಳಿ ಮತ್ತೆ ಕುಂಚ ಹಿಡಿಯುತ್ತಿದ್ದೆ. ಉಡ್ಡಾಣಪೂಲು ಮುಗಿಯಿತು. ಅದರ ಕಟ್ಟೆಗೂ ಪಟ್ಟಿ ಹೊಡೆದೆ. ವರ್ಷಗಳು ಹೋದವು.

ಈಗ ಎರಡನೆಯ ಹಳಿ ಹಾಕುವ ಕೆಲಸದಲ್ಲಿ ಬೋಗದಾವನ್ನು ಕಿತ್ತು ಕಾಂಕ್ರೀಟಿನ ಅಗಲ ಪೆಟ್ಟಿಗೆ ಕೂರಿಸಿದ್ದಾರೆ. ಕೀಳುವ ದಿನ ನೋಡಲು ಹೋಗಿದ್ದೆ. ಕ್ರೇನು ತೊಲೆಗಳನ್ನು ಇಳಿಸಿ ದಾರಿಯ ಬದಿಗೆ ಒಗೆದಿತ್ತು. ನನ್ನ ತಗಡು ಇನ್ನೂ ಅದಕ್ಕೆ ಅಂಟಿಕೊಂಡಿತ್ತು. ಬಗ್ಗಿ ನೋಡಿದೆ. ಆರೂ ಇರಲಿಲ್ಲ, ನಾಲ್ಕೂ ಇರಲಿಲ್ಲ. ಬರೀ ತುಕ್ಕು. ನಡೆದದ್ದಕ್ಕೆ ಇನ್ನು ಉಳಿದ ಸಾಕ್ಷಿ ನನ್ನ ಬಾಯಿ ಒಂದೇ ಎಂದು ಆಗ ಗೊತ್ತಾಯಿತು. ನನಗೆ ಎಪ್ಪತ್ತಾರು. ಮರುದಿನ ಮಾಲಗಾಂವದ ಬಸ್ಸು ಹತ್ತಿದೆ.

ತಮ್ಮ ಅಂಗಳದಲ್ಲಿ ಮೊರ ಇಟ್ಟುಕೊಂಡು ಒಣದ್ರಾಕ್ಷಿ ಆರಿಸುತ್ತ ಕೂತಿದ್ದ. ನನ್ನ ಗುರುತು ಹತ್ತಲಿಲ್ಲ.

"ಬೋರ್ಡ್ ಬರಿಯಾಂವ್ರಿ. ಬೋಗದಾದ ನಂಬರ್ ಬರದಾಂವ," ಎಂದೆ.

"ಕುಂದ್ರಿ," ಎಂದ. ಕೈ ನಿಲ್ಲಲಿಲ್ಲ.

ಹೇಳಿದೆ. ನಾನು ಅಂದುಕೊಂಡಿದ್ದಕ್ಕಿಂತ ಬೇಗ ಮುಗಿಯಿತು. ಅವನು ಒಂದು ಕಡ್ಡಿ ಹೆಕ್ಕಿ ಒಗೆದ.

"ಮುಂಜಾನಿ ಆರ ಇತ್ತಲ್ಲಾ?"

"ಆರ ಇತ್ತರಿ."

"ಮತ್ತ ಧೂಳು? ನಾ ಮುಟ್ಟಿ ನೋಡಿದ್ನಿ."

"ಅದನ್ನೂ ನಾನ ಒಗದಿದ್ದೆ."

ಅವನು ಮೊರವನ್ನು ಒಮ್ಮೆ ಕೇರಿದ. "ನನ್ನ ಕಣ್ಣ ಕೆಟ್ಟಾವು ಅಂದ್ಕೊಂಡಿದ್ನಿ. ಮಿರಜದಾಗ ಮೂರು ಡಾಕ್ಟರ್ ಮುಂದ ಕಣ್ಣ ತಕ್ಕೊಂಡ ಕುಂತೇನಿ. ಮೂವರೂ ಏನೂ ಆಗಿಲ್ಲ, ಹೋಗೋ ಮಾಮಾ ಅಂದ್ರು. ಕಣ್ಣಲ್ಲ ಅಂದ್ರ ತಲಿ ಕೆಟ್ಟೈತಿ ಅಂತ ತಿಳಕೊಂಡೆ. ಆಮ್ಯಾಲ ಸ್ಟೇರಿಂಗ್ ಮುಟ್ಟಲಿಲ್ಲ."

ನಾನು ಕೈ ಮುಗಿದೆ.

"ನನಗ ಯಾಕ ಮುಗೀತಿ? ಅಣ್ಣ ಹೋಗಿ ಎರಡು ವರ್ಷ ಆತು. ಅಂವ ಇದ್ದಾಗ ಬರಬೇಕಿತ್ತು ನೀ." ಗೋಡೆಯ ಕಡೆ ಗದ್ದ ತಿರುಗಿಸಿದ. "ವೈನಿ ಅದಾಳ. ಹೋಗಿ ಅಕಿಗೆ ಹೇಳು."

"ನೀವೂ ಬರ್ರಿ."

"ನಾ ಆ ಹೊಸ್ತಲಾ ದಾಟಂಗಿಲ್ಲ. ಅಣ್ಣನ ಮಣ್ಣಿನಾಗೂ ದೂರ ನಿಂತಿದ್ದೆ."

ಸುತ್ತು ಹಾಕಿ ಆ ಮನೆಗೆ ಹೋದೆ. ಅಣ್ಣನ ಹೆಂಡತಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ನಾನು ನಿಂತುಕೊಂಡೇ ಹೇಳಿದೆ. ಮುಗಿದ ಮೇಲೆ ಉಡಿಯಲ್ಲಿನ ಸಿಪ್ಪೆ ಜಾಡಿಸಿದಳು.

"ನಮ್ಮ ಮನಿಯವರು ದಿನಾ ಮುಂಜಾನಿ ಎದ್ದು ಈ ಗ್ವಾಡಿಗೆ ಕೋಲಿಲೆ ಬಡದು, ಸುಳ್ಳ್ಯಾ, ಸುಳ್ಳ್ಯಾ ಅಂತ ಬೈತಿದ್ರು. ಆ ಕಡಿಂದ ಒಂದ ದಿನಾನೂ ಉತ್ತರ ಬರಲಿಲ್ಲ. ತಪ್ಪ ಐತಿ, ಅದಕ್ಕ ಬಾಯಿ ಇಲ್ಲ ಅಂತಿದ್ದೆ ನಾ."

ಸುಲಿದ ಶೇಂಗಾದ ಪುಟ್ಟಿಯನ್ನು ಬದಿಗೆ ಸರಿಸಿದಳು.

"ಈಗ ನಾ ಏನ ಮಾಡ್ಲಿ ಹೇಳ್ರಿ," ಎಂದಳು. ಬೈಗುಳ ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವಳು ಎದ್ದು ಗೋಡೆಯ ಹತ್ತಿರ ಹೋದಳು. ಗಂಡನ ತಮ್ಮನನ್ನು ಇಲ್ಲಿ ಭಾವಜಿ ಅನ್ನುತ್ತಾರೆ. ಆ ಮಾತನ್ನು ಅವಳು ಎಷ್ಟೋ ವರ್ಷದಿಂದ ಆಡಿರಲಿಲ್ಲ. ಗೋಡೆಗೆ ಮುಖ ಮಾಡಿ ಕರೆದಳು.

"ಭಾವಜೀ."

ಆ ಕಡೆ ಮೊರದ ಸಪ್ಪಳ ನಿಂತಿತು. "ಏನ್ರಿ ವೈನಿ," ಎಂದಿತು ಧ್ವನಿ.

"ಈ ಕಡೆ ಬರ್ರಿ."

ಅವನು ಬರುವಾಗ ನಾನು ಅಲ್ಲಿರಬಾರದು ಎಂದು ಚಪ್ಪಲಿ ಮೆಟ್ಟಿಕೊಂಡೆ. ಅವಳು ತಿರುಗಿ ನೋಡಿದಳು.

"ನೀವ್ ಎಲ್ಲಿ ಹೊಂಟ್ರಿ? ಸಂಜೀಕ ನನ್ನ ಮಕ್ಕಳು, ಮೊಮ್ಮಕ್ಕಳು ತ್ವಾಟದಿಂದ ಬರ್ತಾರ. ಕಾಕಾ ಸುಳ್ಳ್ಯಾ ಅಂತನ ಕೇಳಿ ಬೆಳದಾವು. ಅವರ ಮುಂದ ಹೇಳ್ರಿ. ಮರಾಠ್ಯಾಗ ಹೇಳ್ರಿ, ಸಣ್ಣವಕ್ಕ ಕನ್ನಡಾ ಪೂರಾ ತಿಳಿಯಂಗಿಲ್ಲ."

ಹೊರಗೆ ಬಿಸಿಲು ಇನ್ನೂ ಇತ್ತು. ನಾನು ಚಪ್ಪಲಿ ಬಿಟ್ಟು ಕಟ್ಟೆಯ ತುದಿಗೆ ಕೂತೆ.